ಬಂದವರಿಗೆ ಮೊದಲು ಜಗಲಿ

ಎರಡು ವರ್ಷದ ಹಿಂದೆ ಬೇಸಿಗೆ ರಜೆಗೆ ಕುಮಟಾದಿಂದ ಅಕ್ಕನ ಮಗ ನಮ್ಮಲ್ಲಿಗೆ ಬಂದಿದ್ದ. 11 ವರ್ಷದ ಹುಡುಗ. ನಾನು ನಡೆಸುವ ಮೈನ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಆಟದ ಸರ್ವರಿಗೆ ತಾನೂ ಬರಬೇಕು ಅಂತ ಅವನಿಗೆ ಬಹಳ ದಿನದ ಆಸೆ. ನನ್ನ ಲ್ಯಾಪ್‌ಟಾಪ್ ಕೊಟ್ಟು ಪಕ್ಕದಲ್ಲೇ ಕೂತೆ. ಅಲ್ಲಿ ನಾನು ಕಟ್ಟಿದ್ದ ಕೋಟೆ ನೋಡಿ ಅವನ ಮುಖ ಹೇಗಾಗುತ್ತದೆ ನೋಡಬೇಕಿತ್ತು ನನಗೆ.

ಅವನು ಬಂದು ಇಳಿದದ್ದು ಕೋಟೆಯ ಮಾಡಿನ ಮೇಲೆ. ಅತ್ತ ಇತ್ತ ತಿರುಗಿ ನೋಡಿದ. ಇಳಿಯುವ ದಾರಿ ಕಾಣಲಿಲ್ಲ. ಮಾಡಿನಿಂದ ಗೋಡೆಗೆ, ಗೋಡೆಯಿಂದ ಹೊರಕ್ಕೆ ಹಾರಿದ. ಕೆಳಗೆ ಕಂದಕ. ನೀರಿಗೆ ಬಿದ್ದಿದ್ದರಿಂದ ಜೀವ ಉಳಿಯಿತು. ಆದರೆ ಕಂದಕದ ಎರಡೂ ಬದಿ ನೆಟ್ಟಗಿನ ಗೋಡೆ. ಮೆಟ್ಟಿಲು ಕೊರೆದು ಹತ್ತೋಣ ಅಂತ ಗುದ್ದಿದ. ಒಂದು ಬ್ಲಾಕೂ ಒಡೆಯಲಿಲ್ಲ. ಕೋಟೆಯನ್ನು ಯಾರೂ ಹಾಳು ಮಾಡಬಾರದು ಅಂತ ಅಷ್ಟೂ ಜಾಗಕ್ಕೆ ನಾನೇ ಬೀಗ ಹಾಕಿಟ್ಟಿದ್ದೆ. ಅಷ್ಟರಲ್ಲಿ ಆಟದೊಳಗೆ ಕತ್ತಲಾಯಿತು. ಹುಡುಗ ನೀರಿನಲ್ಲೇ ಈಜುತ್ತಾ ನನ್ನ ಕಡೆ ತಿರುಗಿ ಕೇಳಿದ: "ಮಾವಾ, ಇಲ್ಲಿ ಎಂತ ಮಾಡವು?"

ನನಗೆ ಉತ್ತರ ಹೊಳೆಯಲಿಲ್ಲ. ಆ ಜಾಗ ಕಟ್ಟಲು ಆರು ತಿಂಗಳು ಹಿಡಿದಿತ್ತು. ಬಂದವರು ಅಲ್ಲಿ ಏನು ಮಾಡಬೇಕು ಅಂತ ಆ ಆರು ತಿಂಗಳಲ್ಲಿ ಒಮ್ಮೆಯೂ ಯೋಚನೆ ಮಾಡಿರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಮೈನ್‌ಕ್ರಾಫ್ಟ್ ಅಂದರೆ ಚೌಕ ಚೌಕ ಬ್ಲಾಕ್‌ಗಳ ಒಂದು ದೊಡ್ಡ ಲೋಕ. 2011ರಲ್ಲಿ ಪೂರ್ತಿ ರೂಪದಲ್ಲಿ ಹೊರಬಂತು. ಅಗೆಯಬಹುದು, ಕಟ್ಟಬಹುದು, ಬೆಳೆ ಬೆಳೆಯಬಹುದು. ಒಂದು ಸರ್ವರ್ ಇಟ್ಟುಕೊಂಡರೆ ಹತ್ತಾರು ಜನ ಒಂದೇ ಲೋಕದಲ್ಲಿ ಸೇರಿ ಆಡಬಹುದು. ಹೊಸಬರು ಮೊದಲು ಬಂದು ಇಳಿಯುವ ಜಾಗಕ್ಕೆ ಸ್ಪಾನ್ ಅನ್ನುತ್ತಾರೆ. ನಾನು ಶಿರಸಿ ಹತ್ತಿರದ ನಮ್ಮ ಹಳ್ಳಿಯಿಂದಲೇ ಕೆಲಸ ಮಾಡುವವನು. 2020ರ ಲಾಕ್‌ಡೌನ್ ಹೊತ್ತಿನಲ್ಲಿ ನೆಂಟರ ಮಕ್ಕಳು ಒಬ್ಬೊಬ್ಬರೇ ಮನೆಯಲ್ಲಿ ಕೂತು ಬೇಜಾರಾಗಿದ್ದಾಗ ಈ ಸರ್ವರ್ ಶುರು ಮಾಡಿದೆ. ಆಮೇಲೆ ಅವರ ಗೆಳೆಯರು, ಗೆಳೆಯರ ಗೆಳೆಯರು ಸೇರಿದರು. ಈಗ ಕಾರವಾರ, ಹೊನ್ನಾವರ, ಯಲ್ಲಾಪುರದ ಮಕ್ಕಳೂ ಇದ್ದಾರೆ.

ಕೋಟೆಗೆ ಮಾದರಿ ನಮ್ಮ ಮಿರ್ಜಾನ್ ಕೋಟೆ. ಅಘನಾಶಿನಿ ಬದಿಯ ಆ ಕೋಟೆಯನ್ನು ಚಿಕ್ಕಂದಿನಿಂದ ನೋಡಿದವನು ನಾನು. ಚಿರೆಕಲ್ಲಿನ ಬಣ್ಣ ಬರಲಿ ಅಂತ ಯಾವ ಬ್ಲಾಕ್ ಹಾಕಬೇಕು ಎಂದೇ ಒಂದು ವಾರ ತಲೆ ಕೆಡಿಸಿಕೊಂಡಿದ್ದೆ. ಕಟ್ಟಿದ್ದರ ಬಗ್ಗೆ ನನಗೆ ಇಂದಿಗೂ ಪ್ರೀತಿ ಇದೆ. ಆದರೆ ಕೋಟೆ ಕಟ್ಟುವುದೇ ಬಂದವರನ್ನು ತಡೆಯುವುದಕ್ಕೆ, ಅಲ್ವಾ? ಕಂದಕ ತೋಡುವುದು ಅದಕ್ಕೆ, ಎತ್ತರದ ಗೋಡೆ ಏಳಿಸುವುದು ಅದಕ್ಕೆ. ಅಂಥದ್ದನ್ನು ತಂದು ಹೊಸ ಮಕ್ಕಳು ಇಳಿಯುವ ಜಾಗದಲ್ಲಿ ಇಟ್ಟಿದ್ದೆ. ಅದು ತನ್ನ ಕೆಲಸ ಸರಿಯಾಗಿಯೇ ಮಾಡಿತು. ಮೊದಲ ದಿನ ಬಂದವರಲ್ಲಿ ಎಷ್ಟೋ ಮಕ್ಕಳು ಎರಡನೇ ದಿನ ಬರುತ್ತಿರಲಿಲ್ಲ. ಮಕ್ಕಳಿಗೆ ತಾಳ್ಮೆ ಇಲ್ಲ ಅಂದುಕೊಂಡಿದ್ದೆ. ಅಕ್ಕನ ಮಗ ಕಂದಕದಲ್ಲಿ ಈಜಿದ ದಿನ ತಪ್ಪು ಯಾರದು ಅಂತ ಗೊತ್ತಾಯಿತು.

ಆ ರಾತ್ರಿ ನನಗೆ ನೆನಪಾದದ್ದು ಅಮ್ಮಮ್ಮನ ಮನೆಯ ಜಗಲಿ.

ನಮ್ಮ ಕಡೆ ಹಳೇ ಮನೆ ನೋಡಿದವರಿಗೆ ಗೊತ್ತು. ಮೊದಲು ಅಂಗಳ, ಮಧ್ಯ ತುಳಸಿಕಟ್ಟೆ. ಅಂಗಳದ ಅಂಚಿನಲ್ಲಿ ಕಾಲು ತೊಳೆಯಲು ನೀರು. ಆಮೇಲೆ ಎರಡು ಮೆಟ್ಟಿಲು ಹತ್ತಿದರೆ ಜಗಲಿ. ಜಗಲಿಗೆ ಮಾಡು ಇದೆ, ಎದುರಿಗೆ ಗೋಡೆ ಇಲ್ಲ. ಮಳೆ ತಾಗುವುದಿಲ್ಲ, ಆದರೆ ಮಳೆ ಕಾಣುತ್ತದೆ. ಬಂದವರು ಗುರುತಿನವರಾಗಲಿ, ಅಡಿಕೆ ವ್ಯಾಪಾರಕ್ಕೆ ಬಂದವರಾಗಲಿ, ದಾರಿ ತಪ್ಪಿ ಬಂದವರಾಗಲಿ, ಮೊದಲು ಅಲ್ಲಿ ಕೂರುತ್ತಾರೆ. ಅಮ್ಮಮ್ಮ ಮೊದಲು ತರುತ್ತಿದ್ದದ್ದು ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಆಸ್ರಿಗೆ, ಅಂದರೆ ಕುಡಿಯಲು, ಏನು ಬೇಕು ಅಂತ ಕೇಳುತ್ತಿದ್ದಳು. ಯಾವ ಊರು, ಏನು ಕೆಲಸ ಅನ್ನುವುದೆಲ್ಲ ಆಮೇಲೆ. ಕುಡಿದಾದ ಮೇಲೆ ಕವಳದ ತಟ್ಟೆ ಅವರ ಮುಂದೆ ಬರುತ್ತಿತ್ತು. ಕವಳದ ತಟ್ಟೆಯ ವಿಶೇಷ ನೋಡಿ: ಕೈಗೆ ಒಂದು ಕೆಲಸ ಸಿಗುತ್ತದೆ. ಎಲೆ ಒರೆಸುವುದು, ಸುಣ್ಣ ಹಚ್ಚುವುದು, ಅಡಿಕೆ ಹೋಳು ಹಾಕಿ ಮಡಚುವುದು. ಹೊಸ ಮನೆಯಲ್ಲಿ ಕೈ ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಕೂತವನು ಅಷ್ಟು ಹೊತ್ತಿಗೆ ಹಗುರಾಗುತ್ತಾನೆ.

ನೀರು, ಕೂರಲು ಜಾಗ, ಕೈಗೆ ಒಂದು ಕೆಲಸ, ಕಣ್ಣಿಗೆ ಹೊರಗಿನ ದಾರಿ. ಸ್ಪಾನ್‌ನಲ್ಲಿ ಇಷ್ಟಿದ್ದರೆ ಸಾಕು ಅಂತ ನನಗೆ ಅನಿಸಿತು. ಕೋಟೆಯನ್ನು ಹಾಗೇ ಬಿಟ್ಟೆ, ಒಡೆಯಲು ಮನಸ್ಸು ಬರಲಿಲ್ಲ. ಅದರಿಂದ ಬಹಳ ದೂರದಲ್ಲಿ, ಒಂದು ಕೆರೆ ಪಕ್ಕ, ಬೇರೆ ಜಾಗ ಹುಡುಕಿದೆ.

ಮೊದಲು ಅಂಗಳ. ಇದಕ್ಕೊಂದು ಕಾರಣ ಇದೆ. ಮೈನ್‌ಕ್ರಾಫ್ಟ್ ನಿಮ್ಮನ್ನು ಒಂದೇ ಬಿಂದುವಿನಲ್ಲಿ ಇಳಿಸುವುದಿಲ್ಲ. ಸ್ಪಾನ್ ರೇಡಿಯಸ್ ಅಂತ ಒಂದು ನಿಯಮ ಇದೆ, ಬದಲಿಸದಿದ್ದರೆ ಅದು 10. ಅಂದರೆ ಗುರುತು ಹಾಕಿದ ಜಾಗದಿಂದ ನಾಲ್ಕೂ ಕಡೆ 10 ಬ್ಲಾಕ್ ಒಳಗೆ ಎಲ್ಲಿ ಬೇಕಾದರೂ ಇಳಿಯಬಹುದು. ಅಲ್ಲಿ ಕಟ್ಟಡ ಇದ್ದರೆ ಮಾಡಿನ ಮೇಲೆ ಇಳಿಯುತ್ತೀರಿ. ನನ್ನ ಕೋಟೆಯಲ್ಲಿ ಆದದ್ದು ಇದೇ. ಇಳಿಯುವ ಜಾಗ ಆಕಾಶಕ್ಕೆ ತೆರೆದಿದ್ದರೆ ಈ ತೊಂದರೆಯೇ ಇಲ್ಲ. ನಮ್ಮ ಹಿರಿಯರು ಅಂಗಳ ಬಿಟ್ಟದ್ದು ಅಡಿಕೆ ಒಣಗಿಸಲು ಇರಬಹುದು, ಆದರೆ ಇಲ್ಲಿ ನನಗೆ ಸರಿಯಾಗಿ ಕೂಡಿಬಂತು. ತುಳಸಿಕಟ್ಟೆ ಎದುರು ಗುರುತು ಹಾಕಿ, ರೇಡಿಯಸ್ ಕಡಿಮೆ ಮಾಡಿದೆ.

ಆಮೇಲೆ ಬೀಗ. ಹೊಸದಾಗಿ ಬಂದ ಯಾವ ಮಗುವೂ ಮೊದಲು ಮಾಡುವ ಕೆಲಸ ಎದುರಿಗಿದ್ದದ್ದನ್ನು ಗುದ್ದಿ ನೋಡುವುದು. ಈ ಆಟ ಶುರುವಾಗುವುದೇ ಮರಕ್ಕೆ ಗುದ್ದುವುದರಿಂದ. ಗುದ್ದಿದ್ದು ಒಡೆಯದಿದ್ದರೆ ಆ ಮಗುವಿಗೆ ಏನು ಅನಿಸಬೇಕು? ಇಲ್ಲಿ ನನ್ನ ಕೈ ನಡೆಯುವುದಿಲ್ಲ, ಇದು ನನ್ನ ಜಾಗ ಅಲ್ಲ, ಅಷ್ಟೇ. ಸರ್ವರಿನಲ್ಲಿ ಸ್ಪಾನ್ ರಕ್ಷಣೆಗೆ ಮೊದಲೇ ಹಾಕಿರುವ ಅಂಕೆ 16. ಅದರ ಲೆಕ್ಕದಲ್ಲಿ 33 ಬ್ಲಾಕ್ ಉದ್ದ, 33 ಬ್ಲಾಕ್ ಅಗಲದ ಚೌಕದಲ್ಲಿ ಆಪ್, ಅಂದರೆ ಸರ್ವರ್ ನೋಡಿಕೊಳ್ಳುವ ಆಪರೇಟರ್, ಅಲ್ಲದವರು ಏನೂ ಒಡೆಯುವಂತಿಲ್ಲ. ಅದು ಪರವಾಗಿಲ್ಲ. ಈ ಆಟದಲ್ಲಿ ನಡೆಯುವ ವೇಗ ಸೆಕೆಂಡಿಗೆ ಸುಮಾರು 4.3 ಬ್ಲಾಕ್. ಮಧ್ಯದಿಂದ ಅಂಚಿಗೆ ನಾಲ್ಕು ಸೆಕೆಂಡಿನ ದಾರಿ. ನಾನು ಮಾಡಿದ್ದು ಬೇರೆ. ಬೇರೊಂದು ಪ್ಲಗಿನ್ (ಸರ್ವರಿಗೆ ಹೊಸ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ) ಹಾಕಿ ನಾಲ್ಕೂ ಕಡೆ 200 ಬ್ಲಾಕ್ ಬೀಗ ಜಡಿದಿದ್ದೆ. ಮುಕ್ಕಾಲು ನಿಮಿಷ ನೇರ ನಡೆದರೂ ಕೈಗೆ ಏನೂ ಸಿಗದು. ದಾರಿ ಗೊತ್ತಿಲ್ಲದ ಮಗು ನೇರ ನಡೆಯುವುದೂ ಇಲ್ಲ.

ಈಗ ರಕ್ಷಣೆ ಇರುವುದು ಜಗಲಿ ಮತ್ತು ಅಂಗಳಕ್ಕೆ ಮಾತ್ರ. ಅದರ ಅಂಚಿಗೇ ತರಕಾರಿ ಗದ್ದೆ. ಕ್ಯಾರೆಟ್, ಆಲೂಗಡ್ಡೆ. ಗದ್ದೆಗೆ ಬೀಗ ಇಲ್ಲ. ಯಾರು ಬೇಕಾದರೂ ಕೀಳಬಹುದು, ಕಿತ್ತ ಮೇಲೆ ಒಂದು ವಾಪಸ್ ನೆಡಿ ಅಂತ ಹೇಳುತ್ತೇವೆ. ಇದು ನಮ್ಮ ಕವಳದ ತಟ್ಟೆ. ಬಂದು ಅರ್ಧ ನಿಮಿಷದಲ್ಲಿ ಏನೋ ಕಿತ್ತು, ಏನೋ ನೆಟ್ಟು ಆಗಿರುತ್ತದೆ. ಕೆಲವು ಮಕ್ಕಳು ಗದ್ದೆ ಮೇಲೆ ಕುಣಿದು ಮಣ್ಣು ಕೆಡಿಸುತ್ತಾರೆ. ಉತ್ತ ಮಣ್ಣಿನ ಮೇಲೆ ಹಾರಿದರೆ ಅದು ಮತ್ತೆ ಬರೀ ಮಣ್ಣಾಗುತ್ತದೆ. ಕೆಡಿಸಲಿ ಬಿಡಿ. ಗುದ್ದಲಿ ತಗೊಂಡು ಸರಿ ಮಾಡಲು ಒಂದು ನಿಮಿಷ ಸಾಕು. ಒಬ್ಬ ಹುಡುಗ ತಾನೇ ಕೆಡಿಸಿ, ತಾನೇ ಸರಿ ಮಾಡುವುದು ಕಲಿತು, ಈಗ ಗದ್ದೆ ಪೂರ್ತಿ ಅವನದೇ ಉಸ್ತುವಾರಿ.

"ಹಾಗೆ ಬಿಟ್ಟರೆ ಹಾಳು ಮಾಡಲೆಂದೇ ಬರುವವರನ್ನು ಏನು ಮಾಡುತ್ತೀರಿ?" ಅಂತ ಸರ್ವರ್ ನಡೆಸುವ ಗೆಳೆಯರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಕೋರ್‌ಪ್ರೊಟೆಕ್ಟ್ ಅಂತ ಒಂದು ಪ್ಲಗಿನ್ ಇದೆ. ಯಾರು, ಯಾವಾಗ, ಯಾವ ಬ್ಲಾಕ್ ಒಡೆದರು ಅಂತ ಬರೆದಿಡುತ್ತದೆ. ಬೇಕಾದರೆ ಒಡೆದದ್ದನ್ನೆಲ್ಲ ಹಿಂದಿನಂತೆ ಮಾಡಿಕೊಡುತ್ತದೆ. ಅದಿರುವಾಗ ಹೊಸಬರನ್ನೆಲ್ಲ ಕಳ್ಳರಂತೆ ನೋಡುವುದು ಯಾಕೆ? ಜಗಲಿಗೂ ಮಿತಿ ಇದ್ದೇ ಇದೆ. ಜಗಲಿಗೆ ಬಂದವರು ಸೀದಾ ಅಡುಗೆಮನೆಗೆ ಹೋಗುವುದಿಲ್ಲ. ಹಾಗೆಯೇ ಮಕ್ಕಳ ಮನೆಗಳು, ಪೆಟ್ಟಿಗೆಗಳು ಅವರವರ ಬೀಗದಲ್ಲಿವೆ.

ಜಗಲಿಯ ಎತ್ತರದ ಬಗ್ಗೆ ಹೇಳಲೇಬೇಕು, ನನಗೆ ಬಹಳ ಇಷ್ಟವಾದ ಭಾಗ ಅದು. ಮೊದಲು ಒಂದು ಪೂರ್ತಿ ಬ್ಲಾಕ್ ಎತ್ತರಕ್ಕೆ ಕಟ್ಟಿದ್ದೆ. ಅದಕ್ಕೆ ಹತ್ತಲು ಜಿಗಿಯಬೇಕು. ಆರೇಳು ವರ್ಷದ ಮಕ್ಕಳು ಅಲ್ಲೇ ಮುಗ್ಗರಿಸಿ ನಿಲ್ಲುತ್ತಿದ್ದರು. ಸ್ಲ್ಯಾಬ್ ಅಂದರೆ ಅರ್ಧ ಬ್ಲಾಕ್. ಅದನ್ನು ಹತ್ತಲು ಜಿಗಿಯುವುದು ಬೇಡ, ನಡೆದರೆ ಕಾಲು ತಾನಾಗಿ ಏರುತ್ತದೆ. ಜಗಲಿ ಪೂರ್ತಿ ಕಿತ್ತು ಸ್ಲ್ಯಾಬ್‌ನಲ್ಲಿ ಕಟ್ಟಿದೆ. ಮೇಲೆ ಇಟ್ಟಿಗೆ ಮೆಟ್ಟಿಲುಗಳನ್ನು ಇಳಿಜಾರಾಗಿ ಜೋಡಿಸಿದರೆ ನಮ್ಮ ಹಂಚಿನ ಮಾಡೇ. ಆಯಿ ಒಮ್ಮೆ ಹಿಂದೆ ನಿಂತು ನೋಡಿ "ಇದು ನಮ್ಮನೆ ಜಗಲಿ ಅಲ್ದನಾ!" ಅಂದಳು.

ದೀಪ ಜಾಸ್ತಿ ಬೇಡ. 2021ರ ನವೆಂಬರ್‌ನಲ್ಲಿ ಆಟದ 1.18 ಆವೃತ್ತಿ ಬಂದಮೇಲೆ ದೀಪದ ಬೆಳಕು ಸೊನ್ನೆ ಇದ್ದ ಕಡೆ ಮಾತ್ರ ದೆವ್ವ-ಭೂತ ಹುಟ್ಟುತ್ತವೆ. ಅದಕ್ಕೂ ಮುಂಚೆ 7ರವರೆಗೆ ಬೆಳಕಿದ್ದರೂ ಹುಟ್ಟುತ್ತಿದ್ದವು. ಲಾಟೀನಿನ ಬೆಳಕು 15, ಒಂದೊಂದು ಬ್ಲಾಕ್ ದೂರ ಹೋದಂತೆ ಒಂದೊಂದು ಕಡಿಮೆ. ಹಾಗಾಗಿ ಜಗಲಿಯಲ್ಲಿ ಎರಡು, ದಾರಿಯುದ್ದಕ್ಕೂ ದೂರ ದೂರಕ್ಕೆ ಒಂದೊಂದು ಸಾಕು. ಕತ್ತಲಲ್ಲಿ ಬಂದ ಮಗು ಬೆಳಕಿನ ಸಾಲು ಹಿಡಿದು ತಾನೇ ಹೊರಗೆ ಹೋಗುತ್ತದೆ. ಬಾಣದ ಗುರುತು ಯಾವುದೂ ಬೇಕಿಲ್ಲ.

ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಸ್ಪಾನ್‌ಗೆ ಜನ ಒಂದೇ ಸಲ ಬರುವುದಿಲ್ಲ. ಹಾಸಿಗೆ ಮಾಡಿಕೊಂಡು ಮಲಗದವರು ಸತ್ತರೆ ಮತ್ತೆ ಇಲ್ಲಿಗೇ ಬರುತ್ತಾರೆ. ಅವರ ಸಾಮಾನೆಲ್ಲ ಸತ್ತ ಕಡೆ ಬಿದ್ದಿರುತ್ತದೆ, ಅದು 5 ನಿಮಿಷದಲ್ಲಿ ಮಾಯವಾಗುತ್ತದೆ. ಓಡಿ ಹೋಗಿ ಎತ್ತಿಕೊಳ್ಳಬೇಕಾದ ಮಗುವಿಗೆ ನಿಮ್ಮ ಸುರುಳಿ ಮೆಟ್ಟಿಲು, ಕಾರಂಜಿ, ಪ್ರತಿಮೆ ಯಾವುದೂ ಬೇಡ. ಬಾಗಿಲು ಬೇಕು. ಕೈಗೆ ಎರಡು ಬ್ರೆಡ್ ಬೇಕು. ಜಗಲಿ ಮೂಲೆಯ ಪೆಟ್ಟಿಗೆಯಲ್ಲಿ ನಾವು ಬ್ರೆಡ್ ಇಡುತ್ತೇವೆ, ಜೊತೆಗೆ ಒಂದು ಮರದ ಕತ್ತಿ. ವಜ್ರದ ಕತ್ತಿ ಕೊಡುವ ಸರ್ವರ್‌ಗಳೂ ಇವೆ. ಅದು ನನಗೆ ಸರಿ ಕಾಣುವುದಿಲ್ಲ. ಮೊದಲ ವಜ್ರ ತಾನೇ ಅಗೆದು ತೆಗೆಯುವ ಖುಷಿಯನ್ನು ಆ ಮಗುವಿನಿಂದ ಕಿತ್ತುಕೊಂಡ ಹಾಗಾಗುತ್ತದೆ.

ನೆಟ್‌ವರ್ಕ್ ಮಾತು ಬೇಗ ಮುಗಿಸುತ್ತೇನೆ. ಬದಲಿಸದಿದ್ದರೆ ಸರ್ವರ್ ಸುತ್ತಲಿನ ಲೋಕವನ್ನು 10 ಚಂಕ್ ದೂರದವರೆಗೆ ಕಳಿಸುತ್ತದೆ. ಚಂಕ್ ಅಂದರೆ 16 ಬ್ಲಾಕ್ ಉದ್ದ, 16 ಬ್ಲಾಕ್ ಅಗಲದ ತುಂಡು. ಅದನ್ನು 6ಕ್ಕೆ ಇಳಿಸಿದರೆ ಕಳಿಸಬೇಕಾದ ಚಂಕ್ ಅರ್ಧಕ್ಕಿಂತ ಕಡಿಮೆ. ಮಳೆಗಾಲದಲ್ಲಿ ಘಟ್ಟದ ಮೇಲಿನ ಹಳ್ಳಿಯಿಂದ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಬರುವ ಮಗುವಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನಮಗೆ ಗೊತ್ತು.

ಬೋರ್ಡಿನ ಕಥೆ ಹೇಳದಿದ್ದರೆ ಆಗದು. ಕನ್ನಡದಲ್ಲೇ ಬರೆಯಬೇಕು ಅಂತ ಹಠ ಇತ್ತು. ಒಂದು ಬೋರ್ಡಿಗೆ ನಾಲ್ಕು ಸಾಲು. "ಬನ್ನಿ" ಅಂತ ಬರೆದೆ. ಒತ್ತಕ್ಷರ ಕೆಳಗೆ ಕೂರಲಿಲ್ಲ, ಎರಡು ನ ಬೇರೆ ಬೇರೆಯಾಗಿ ಪಕ್ಕಪಕ್ಕ ನಿಂತವು. "ಸ್ವಾಗತ" ಅಂತೂ ಓದಲೇ ಆಗಲಿಲ್ಲ. ಆಟದಲ್ಲಿ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಅಕ್ಷರ ಜೋಡಣೆ ಸರಿ ಇಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ. ಒಂದು ಸಂಜೆ ಮಕ್ಕಳೆಲ್ಲ ಸೇರಿ ಒತ್ತಕ್ಷರ ಇಲ್ಲದ ಮಾತು ಹುಡುಕಿದರು. ಈಗ ಜಗಲಿಯಲ್ಲಿ "ಬಾ, ಕೂರು" ಅಂತಿದೆ. ದಾರಿಯಲ್ಲಿ "ಕೆರೆ", "ತೋಟ", "ಗುಡಿ". ನಿಯಮದ ಬೋರ್ಡ್ ಒಂದೇ: "ಬೇರೆಯವರ ಮನೆ ಒಡೆಯಬೇಡ". ನಾನು ಒಮ್ಮೆ ಹೋಗಿದ್ದ ಒಂದು ದೊಡ್ಡ ಸರ್ವರಿನಲ್ಲಿ ಕಾಲಿಡುವ ಮೊದಲೇ ಇಪ್ಪತ್ತು ನಿಯಮ, ಅದರ ಪಕ್ಕದಲ್ಲೇ ದುಡ್ಡು ಕೊಟ್ಟು ಕೊಳ್ಳುವ ಪದವಿಗಳ ಅಂಗಡಿ. ಒಬ್ಬರೂ ಮಾತಾಡಿಸಲಿಲ್ಲ. ನೆಂಟರ ಮನೆಗೆ ಹೋದಾಗ ನೀರು ಕೊಡುವ ಬದಲು ಬಿಲ್ ಕೊಟ್ಟ ಹಾಗೆ ಆಯಿತು ನನಗೆ.

ಎಷ್ಟು ಕಟ್ಟಿದರೂ ಜಗಲಿಯಲ್ಲಿ ಒಬ್ಬರು ಇರಬೇಕು. ನಮ್ಮ ದೊಡ್ಡ ಮಕ್ಕಳು ಸಂಜೆ ಆರರಿಂದ ಎಂಟರವರೆಗೆ ಪಾಳಿ ಹಾಕಿಕೊಂಡಿದ್ದಾರೆ. ಹೊಸಬರು ಬಂದರೆ ಚಾಟ್‌ನಲ್ಲಿ ಒಂದು ಮಾತು, ಗದ್ದೆವರೆಗೆ ಜೊತೆಗೆ ನಡೆಯುವುದು. ಅಷ್ಟೇ ಕೆಲಸ. ಪಾಳಿಯವರಿಗೆ ಒಂದು ಮಾತು ಹೇಳಿದ್ದೇನೆ: ಮೊದಲೇ ವಯಸ್ಸು, ಊರು, ಶಾಲೆ ಕೇಳಬೇಡಿ. ಆಮೇಲೂ ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಸಾಕು.

ಕಳೆದ ತಿಂಗಳು ಕಾರವಾರದ ಒಂದು ಹುಡುಗಿ ಅವಳ ಅಪ್ಪನ ಮೊಬೈಲಿನಿಂದ ಬಂದಳು. ಆ ದಿನ ಪಾಳಿ ಇದ್ದದ್ದು ಅಕ್ಕನ ಮಗನದು, ಕಂದಕದಲ್ಲಿ ಈಜಿದವನೇ. ಇಬ್ಬರೂ ಗದ್ದೆಗೆ ಹೋದರು. ಅವಳು ಐದಾರು ಆಲೂಗಡ್ಡೆ ಕಿತ್ತು, ಒಂದೊಂದಾಗಿ ವಾಪಸ್ ನೆಟ್ಟಳು. ಆಮೇಲೆ ಚಾಟ್‌ನಲ್ಲಿ ಕೇಳಿದಳು: "ನಾನು ಇಲ್ಲೇ ಮನೆ ಕಟ್ಟಬಹುದಾ?" ಕಟ್ಟು ಅಂದ. ದಾರಿಗೆ ಅಡ್ಡವಾಗಿಯೇ ಕಟ್ಟಿದಳು. ಈಗ ಜಗಲಿಯಿಂದ ಹೊರಟವರು ಅವಳ ಅಂಗಳ ದಾಟಿಯೇ ಮುಂದೆ ಹೋಗಬೇಕು. ದಾರಿಯನ್ನು ಸ್ವಲ್ಪ ಆಚೆ ಸರಿಸೋಣವಾ ಅಂತ ಕೇಳಿದೆ. "ಬೇಡ, ಎಲ್ಲರೂ ನಮ್ಮನೆ ಮುಂದೇ ಹೋಗಲಿ" ಅಂದಳು. ನಿನ್ನೆ ನೋಡಿದರೆ ಅವಳ ಬಾಗಿಲ ಹತ್ತಿರ ಒಂದು ಪೆಟ್ಟಿಗೆ ಬಂದಿದೆ. ತೆಗೆದು ನೋಡಿದೆ. ಒಳಗೆ ಆರು ಸುಟ್ಟ ಆಲೂಗಡ್ಡೆ ಇತ್ತು.