ಇದು ಮಕ್ಕಳ ಸೈಕಲ್ ಅಲ್ಲ, ಚಕ್ರ ಚಿಕ್ಕದು ಅಷ್ಟೇ

ಇವತ್ತು ಮತ್ತೆ ತಪ್ಪು ಟೈರು ಬಂದಿದೆ. ಇದು ಮೂರನೇ ಸಲ. ಪೊಟ್ಟಣ ಬಿಚ್ಚಿ ಹಿಂದಿನ ರಿಮ್ಮಿನ ಪಕ್ಕ ಹಿಡಿದು ನೋಡಿದೆ, ಸುತ್ತಲೂ ಒಂದೊಂದು ಬೆರಳಷ್ಟು ಚಿಕ್ಕದು. ಏರಿಸೋ ಮಾತೇ ಇಲ್ಲ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ '16 ಇಂಚು' ಅಂತಿದೆ, ನನ್ನ ಮಡಚೋ ಸೈಕಲ್ಲಿನ ಮೇಲೂ '16 ಇಂಚು' ಅಂತಲೇ ಇದೆ. ಮಾರಿದವರಿಗೆ ಫೋನ್ ಮಾಡಿದರೆ, "ನೀವು ಕೇಳಿದ್ದು ಹದಿನಾರು, ನಾವು ಕಳಿಸಿದ್ದು ಹದಿನಾರು. ವಾಪಸ್ ತಗೊಳ್ಳೋಕಾಗಲ್ಲ" ಅಂದು ಇಟ್ಟೇಬಿಟ್ಟರು. ಹಳೇ ಟೈರಿನ ನಡುವೆ ನೂಲು ಎದ್ದು ಕಾಣಿಸ್ತಿದೆ. ಮೂರು ವಾರದಿಂದ ಸೈಕಲ್ ಮೂಲೆಯಲ್ಲಿ ಮಡಚಿಕೊಂಡು ಕೂತಿದೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಗಿದೆ ನನಗೆ.

16 ಇಂಚು ಅನ್ನೋದು ಅಳತೆಯೇ ಅಲ್ಲ. ಅದೊಂದು ಹೆಸರು. ಟೈರು ಹಾಕಿ ಗಾಳಿ ತುಂಬಿದ ಮೇಲೆ ಹೊರಗಿನ ವ್ಯಾಸ ಹೆಚ್ಚುಕಮ್ಮಿ ಎಷ್ಟು ಬರುತ್ತೆ ಅಂತ ಯಾವ ಕಾಲದಲ್ಲೋ ಇಟ್ಟ ಹೆಸರು. ದಪ್ಪ ಟೈರು ಹಾಕಿದರೆ ಒಳಗೆ ಸಣ್ಣ ರಿಮ್ಮು, ತೆಳು ಟೈರು ಹಾಕಿದರೆ ದೊಡ್ಡ ರಿಮ್ಮು, ಹೆಸರು ಮಾತ್ರ ಒಂದೇ. ಹೀಗೆ 16 ಇಂಚು ಅನ್ನೋ ಒಂದೇ ಹೆಸರಲ್ಲಿ 305 ಮಿಲಿಮೀಟರಿನ ರಿಮ್ಮೂ ಇದೆ, 349 ಮಿಲಿಮೀಟರಿನ ರಿಮ್ಮೂ ಇದೆ. ನಡುವೆ 44 ಮಿಲಿಮೀಟರ್ ವ್ಯತ್ಯಾಸ. ಒಂದರ ಟೈರು ಇನ್ನೊಂದಕ್ಕೆ ಏನು ಮಾಡಿದರೂ ಕೂರಲ್ಲ. 20 ಇಂಚಿನವರ ಗೋಳೂ ಇದೇ: 406 ಒಂದು, 451 ಇನ್ನೊಂದು. ನಿಜವಾದ ಅಳತೆ ಟೈರಿನ ಪಕ್ಕೆಯಲ್ಲೇ ಉಬ್ಬಕ್ಷರದಲ್ಲಿ ಇರುತ್ತೆ, 37-349 ಅಂತ. ಮೊದಲನೆಯದು ಟೈರಿನ ಅಗಲ, ಎರಡನೆಯದು ಟೈರಿನ ಅಂಚು ರಿಮ್ಮಿನ ಮೇಲೆ ಕೂರೋ ಜಾಗದ ವ್ಯಾಸ. ಎರಡೂ ಮಿಲಿಮೀಟರಿನಲ್ಲಿ. ಇಷ್ಟು ಓದೋಕೆ ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಯಾರಿಗೂ ಇಲ್ಲ. ಮಾರೋರ ಪಟ್ಟಿಯಲ್ಲಿ ಇಂಚು ಮಾತ್ರ ಇರುತ್ತೆ. ನಾನು ಆರ್ಡರಿನ ಜೊತೆ 349 ಅಂತ ಬರೆದು ಕಳಿಸಿದ್ದನ್ನೂ ಯಾರೂ ಓದಿಲ್ಲ.

ಸರಿ, ಬಂದದ್ದಾದರೂ ಏನು? 305, ಅಂದರೆ ಚಿಕ್ಕ ಮಕ್ಕಳ ಸೈಕಲ್ಲಿಗೆ ಹಾಕೋ ಮೆತ್ತನೆ ಟೈರು. ಅದರ ಪಕ್ಕೆಯಲ್ಲಿ ಗಾಳಿಯ ಒತ್ತಡ 40 ಪಿಎಸ್‌ಐ ಮೀರಬೇಡಿ ಅಂತ ಬರೆದಿದೆ. ನನ್ನ ಹಳೇ ಟೈರಿನ ಮೇಲೆ ಇರೋದು 65ರಿಂದ 100. ಆರು ವರ್ಷದ ಮಗು ಕೂರೋ ಸೈಕಲ್ಲಿಗೂ, ದಿನಾ ಬ್ಯಾಗು ಹೊತ್ತು ಕೆಲಸಕ್ಕೆ ಹೋಗೋ ದೊಡ್ಡವರು ಕೂರೋ ಸೈಕಲ್ಲಿಗೂ ಒಂದೇ ಟೈರು ಅಂದುಕೊಂಡಿದ್ದಾರಲ್ಲ, ನನ್ನ ಸಿಟ್ಟೆಲ್ಲ ಅಲ್ಲೇ. ಚಕ್ರ ಚಿಕ್ಕದು ಅಂದ ತಕ್ಷಣ ಆಟದ ಸಾಮಾನು ಅನ್ನೋ ತೀರ್ಮಾನ. ತಯಾರಿಸೋರಿಂದ ಹಿಡಿದು ಪಂಚರ್ ಹಾಕೋರವರೆಗೆ ಎಲ್ಲರದೂ ಅದೇ ತೀರ್ಮಾನ.

ಇರೋ ಸತ್ಯ ಅದಕ್ಕೆ ಪೂರ್ತಿ ತದ್ವಿರುದ್ಧ. ದೊಡ್ಡ ಚಕ್ರದ ಸಾಮಾನ್ಯ ಸೈಕಲ್ ಒಂದು ಕಿಲೋಮೀಟರ್ ಹೋಗೋಕೆ ಚಕ್ರ ಸುಮಾರು 470 ಸುತ್ತು ತಿರುಗಿದರೆ ಸಾಕು. ನನ್ನ 349ರ ಚಕ್ರ ಅದೇ ದೂರಕ್ಕೆ ಸುಮಾರು 750 ಸುತ್ತು ತಿರುಗಬೇಕು. 8 ಇಂಚಿನ ಚಕ್ರವಾದರೆ 1,600ರ ಹತ್ತಿರ. ರಬ್ಬರಿನ ಒಂದೊಂದು ಚೂರೂ ಅಷ್ಟು ಸಲ ರಸ್ತೆಗೆ ಉಜ್ಜುತ್ತೆ, ಚಕ್ರದ ನಡುವಿನ ಹಬ್ ಒಳಗಿನ ಬೇರಿಂಗ್ ಅಷ್ಟು ಸಲ ತಿರುಗುತ್ತೆ, ಬ್ರೇಕ್ ಹಿಡಿದಾಗ ರಿಮ್ಮಿನ ಅದೇ ಜಾಗ ಅಷ್ಟು ಸಲ ಬ್ರೇಕ್ ರಬ್ಬರಿಗೆ ಸಿಕ್ಕಿ ಕಾಯುತ್ತೆ. ಇನ್ನು ಚಿಕ್ಕ ಚಕ್ರದಲ್ಲಿ ತಕ್ಕಷ್ಟು ವೇಗ ಬರಬೇಕಂದರೆ ಚೈನು ಸುತ್ತೋ ಹಲ್ಲುಚಕ್ರಗಳಲ್ಲಿ ಮುಂದೆ 50ಕ್ಕೂ ಹೆಚ್ಚು ಹಲ್ಲಿನ ದೊಡ್ಡದು, ಹಿಂದೆ 11 ಅಥವಾ 12 ಹಲ್ಲಿನ ಪುಟ್ಟದು ಹಾಕಿರ್ತಾರೆ. ಆ ಪುಟ್ಟದರ ಮೇಲೆ ಚೈನು ಗಟ್ಟಿಯಾಗಿ ಬಾಗಿ ಬಾಗಿ ಹೋಗಬೇಕು, ಎಳೆತವೆಲ್ಲ ನಾಲ್ಕಾರು ಹಲ್ಲಿನ ಮೇಲೇ ಬೀಳುತ್ತೆ. ಹಲ್ಲು ಬೇಗ ಮೊನಚಾಗದೆ ಇನ್ನೇನಾಗುತ್ತೆ? ಚಕ್ರ ಚಿಕ್ಕದಾದಷ್ಟೂ ಸಾಮಾನು ಗಟ್ಟಿ ಇರಬೇಕು, ಬೇರಿಂಗ್ ಒಳ್ಳೇದಿರಬೇಕು, ಟೈರು ಗಡುಸಾಗಿರಬೇಕು. ಮಾಡೋದು ಉಲ್ಟಾ. ಚಿಕ್ಕದಕ್ಕೆ ಅಗ್ಗದ್ದು ಸಾಕು ಅಂತ ಕೈಗೆ ಸಿಕ್ಕಿದ್ದನ್ನ ಜೋಡಿಸಿ ಕಳಿಸ್ತಾರೆ. ನನ್ನ ಮುಂದಿನ ಹಬ್ ಎಂಟೇ ತಿಂಗಳಿಗೆ ಗರಗರ ಅನ್ನೋಕೆ ಶುರು ಮಾಡ್ತು. ಬಿಚ್ಚಿ ನೋಡಿದರೆ ಒಳಗೆ ಗ್ರೀಸ್ ಇದ್ದದ್ದು ಉಗುರಿನ ತುದಿಗೆ ಹತ್ತೋವಷ್ಟು.

ರಸ್ತೆ ವಿಷಯಕ್ಕೆ ಬಂದರೂ ಅದೇ ಲೆಕ್ಕ. 3 ಸೆಂಟಿಮೀಟರ್ ಎತ್ತರದ ಒಂದು ಅಂಚು ಅಡ್ಡ ಬಂತು ಅಂದುಕೊಳ್ಳಿ. ದೊಡ್ಡ ಚಕ್ರಕ್ಕೆ ಅದು ತನ್ನ ಅಚ್ಚಿನ ಎತ್ತರದ ಹನ್ನೊಂದರಲ್ಲೊಂದು ಪಾಲು, ಹತ್ತಿ ಇಳಿದು ಹೋಗುತ್ತೆ. ನನ್ನದಕ್ಕೆ ಏಳರಲ್ಲೊಂದು. 8 ಇಂಚಿನದಕ್ಕೆ ಹೆಚ್ಚುಕಮ್ಮಿ ಮೂರರಲ್ಲೊಂದು, ಅಂದರೆ ಗೋಡೆಗೆ ಗುದ್ದಿದ ಹಾಗೆ. ಚರಂಡಿ ಮೇಲಿನ ಕಬ್ಬಿಣದ ಜಾಲರಿಯ ಸಂದು ಕಂಡರೆ ಇಳಿದು ತಳ್ಳಿಕೊಂಡೇ ಹೋಗಬೇಕು. ಇದನ್ನ ಮಾರುವಾಗ ಯಾರೂ ಹೇಳಲ್ಲ.

ಪರಿಹಾರ ಇಲ್ಲ ಅಂತಲೂ ಅಲ್ಲ, ಅದೇ ಇನ್ನೂ ಉರಿಸೋದು. 1962ರಲ್ಲೇ ಅಲೆಕ್ಸ್ ಮೌಲ್ಟನ್ ಅನ್ನೋ ಬ್ರಿಟಿಷ್ ಎಂಜಿನಿಯರ್ 16 ಇಂಚಿನ ಚಕ್ರದ ಸೈಕಲ್ ತಂದರು. ಆಟಕ್ಕಲ್ಲ, ದೊಡ್ಡವರಿಗೆ. ಚಿಕ್ಕ ಚಕ್ರ ಸರಾಗವಾಗಿ ಉರುಳಬೇಕಾದರೆ ಟೈರಿನಲ್ಲಿ ಹೆಚ್ಚು ಒತ್ತಡ ಬೇಕು, ಒತ್ತಡ ಹೆಚ್ಚಾದರೆ ಮೈ ಕುಲುಕುತ್ತೆ, ಆದ್ದರಿಂದ ಮುಂದೂ ಹಿಂದೂ ಸಸ್ಪೆನ್ಶನ್ ಬೇಕು ಅಂತ ಕೂತು ಯೋಚನೆ ಮಾಡಿ ಹಾಕಿದರು. ಅದೇ ವರ್ಷ ಜಾನ್ ವುಡ್‌ಬರ್ನ್ ಅನ್ನೋ ಸ್ಪರ್ಧಿ ಆ ಸೈಕಲ್ ತುಳಿದು ಕಾರ್ಡಿಫ್‌ನಿಂದ ಲಂಡನ್‌ವರೆಗಿನ ದಾಖಲೆ ಮುರಿದರು. ಮೌಲ್ಟನ್ ಹಾಕಿದ ರಿಮ್ಮು 349, ಇವತ್ತು ಬ್ರಾಂಪ್ಟನ್ ಅನ್ನೋ ಮಡಚೋ ಸೈಕಲ್ ಕಂಪನಿ ತನ್ನ 16 ಇಂಚಿನ ಸೈಕಲ್ಲಿಗೆ ಹಾಕೋದೂ 349. ಅರವತ್ತು ವರ್ಷಕ್ಕಿಂತ ಹಳೇ ಅಳತೆಗೆ ಒಂದು ಟೈರು ಸರಿಯಾಗಿ ತಲುಪಿಸೋಕೆ ಈಗ ಆಗ್ತಿಲ್ಲ ಅಂದರೆ ಏನು ಹೇಳೋದು.

ಪಂಚರ್ ಕಥೆ ಕೇಳಿ. ಹಿಂದಿನ ಚಕ್ರ ಬಿಚ್ಚೋದು ನನ್ನ ಸೈಕಲ್ಲಿನಲ್ಲಿ ದೊಡ್ಡ ಕೆಲಸ: ಹಬ್ ಒಳಗಿನ ಗೇರಿನ ಸಣ್ಣ ಸರಪಳಿ ಕಳಚಬೇಕು, ಚೈನು ಬಿಗಿ ಹಿಡಿಯೋ ಸ್ಪ್ರಿಂಗು ತೆಗೀಬೇಕು, ಆಮೇಲೆ ಎರಡು ಕಡೆ 15ರ ಸ್ಪ್ಯಾನರಿನಲ್ಲಿ ನಟ್ಟು. ಅದಕ್ಕೇ ಮುಳ್ಳೋ ಗಾಜೋ ಚುಚ್ಚಿದ ಜಾಗ ಗೊತ್ತಾದರೆ ಚಕ್ರ ಬಿಚ್ಚೋದೇ ಬೇಡ, ಅಷ್ಟು ಭಾಗದ ಟ್ಯೂಬ್ ಮಾತ್ರ ಹೊರಗೆಳೆದು ತೇಪೆ ಹಾಕಬಹುದು. ಪಂಚರ್ ಅಂಗಡಿಯವರಿಗೆ ಇದನ್ನ ವಿವರವಾಗಿ ಹೇಳಿದೆ. "ನೀವು ಸುಮ್ನಿರಿ ಸಾರ್, ಮಕ್ಳ ಸೈಕಲ್ ದಿನಾ ಮಾಡ್ತೀವಿ" ಅಂದು ಸ್ಕ್ರೂಡ್ರೈವರ್ ಹಾಕಿ ಮೀಟಿಯೇಬಿಟ್ಟರು. ಚಿಕ್ಕ ರಿಮ್ಮಿನ ಟೈರಿನ ಅಂಚು ಬಿಗಿ ಇರುತ್ತೆ, ಸುತ್ತಳತೆ ಕಮ್ಮಿ ಇರೋದರಿಂದ ಎಳೆದಾಡೋಕೆ ಸಡಿಲ ಸಿಗೋದೇ ಕಮ್ಮಿ. ಟೈರು ವಾಪಸ್ ಏರಿಸುವಾಗ ವಾಲ್ವಿನ ಎದುರು ತುದಿಯಿಂದ ಶುರು ಮಾಡಿ, ಅಂಚನ್ನ ರಿಮ್ಮಿನ ನಡುವಿನ ತಗ್ಗಿಗೆ ಎರಡೂ ಹೆಬ್ಬೆರಳಲ್ಲಿ ಒತ್ತಿ ಒತ್ತಿ ತಂದು, ಕೊನೆಗೆ ವಾಲ್ವಿನ ಹತ್ತಿರ ಮುಗಿಸಬೇಕು. ಹಾಗೆ ಮಾಡಿದರೆ ಕೊನೆಯ ಗೇಣು ಕೈಯಲ್ಲೇ ಒಳಗೆ ಹೋಗುತ್ತೆ. ಇಲ್ಲದಿದ್ದರೆ ಕಬ್ಬಿಣ ಹಾಕಬೇಕಾಗುತ್ತೆ, ಹಾಕಿದರೆ ಟ್ಯೂಬ್ ಕಚ್ಚಿಕೊಳ್ಳುತ್ತೆ. ಅವರು ಹಾಕಿದರು, ಕಚ್ಚಿತು. ಒಂದು ತೂತಿನ ಟ್ಯೂಬ್ ಕೊಟ್ಟವರಿಗೆ ಮೂರು ತೂತಿನ ಟ್ಯೂಬ್ ವಾಪಸ್ ಬಂತು, ಜೊತೆಗೆ ರಿಮ್ಮಿನ ಅಂಚಲ್ಲಿ ಒಂದು ಗೀರು. ಆ ಗೀರನ್ನ ಇವತ್ತೂ ಬೆರಳಾಡಿಸಿ ನೋಡ್ತೀನಿ. ಬೇಜಾರಾಗುತ್ತೆ.

ಇದಕ್ಕೂ ಮುಂಚೆ ಎರಡು ವರ್ಷ 8 ಇಂಚಿನ ಚಕ್ರದ್ದು ಓಡಿಸಿದ್ದೆ. ಅದರಲ್ಲಿ ಗಾಳಿ ಹೊಡೆಯೋದೇ ಒಂದು ಯುದ್ಧ. ವಾಲ್ವಿಗೂ ಹಬ್‌ಗೂ ನಡುವೆ ಒಂದು ಹೆಬ್ಬೆರಳು ಮಲಗಿಸೋವಷ್ಟು ಜಾಗ, ಪಂಪಿನ ಮೂತಿ ಅದಕ್ಕಿಂತ ಉದ್ದ. ಬಾಗಿದ ಒಂದು ಹಿತ್ತಾಳೆ ತುಂಡು ಸಿಕ್ಕಿಸಿದರೆ ಮಾತ್ರ ಗಾಳಿ ಹೋಗ್ತಿತ್ತು. ಆ ತುಂಡನ್ನ ಸೈಕಲ್ ಜೊತೆಗೇ ಕೊಡಬೇಕಿತ್ತು ತಾನೇ? ಕೊಡಲಿಲ್ಲ. ಆ ಪುಟ್ಟ ಟ್ಯೂಬ್ ಹಿಡಿಯೋ ಗಾಳಿ ಎಷ್ಟು? ಒಂದಿಷ್ಟು ಸೋರಿದರೂ ಒತ್ತಡ ದಡಕ್ಕನೆ ಇಳಿಯುತ್ತೆ. ವಾರಕ್ಕೊಮ್ಮೆ ಮೀಟರ್ ಇಟ್ಟು ನೋಡದಿದ್ದರೆ ಮುಂದಿನ ಹಳ್ಳದಲ್ಲಿ ರಿಮ್ಮು ನೆಲಕ್ಕೆ ಬಡಿಯೋದು ಖಂಡಿತ. ಬೆರಳಲ್ಲಿ ಒತ್ತಿ ನೋಡಿ "ಗಟ್ಟಿ ಇದೆ ಬಿಡಿ" ಅನ್ನೋರನ್ನ ಕಂಡರೆ ನನಗೆ ತಡೆಯೋಕಾಗಲ್ಲ. 50ಕ್ಕೂ 80ಕ್ಕೂ ಇರೋ ವ್ಯತ್ಯಾಸ ಬೆರಳಿಗೆ ಹೇಗೆ ಗೊತ್ತಾಗುತ್ತೆ?

ಈಗ ಹೇಳೋದು ಬರೀ ಬೇಜಾರಿನ ವಿಷಯ ಅಲ್ಲ, ಜೀವದ ವಿಷಯ. ಸರ್ವೀಸ್‌ಗೆ ಬಿಟ್ಟಿದ್ದೆ. ವಾಪಸ್ ಬಂದಾಗ ಸೀಟಿನ ಉದ್ದ ಕೊಳವೆಗೆ ಮೇಲಿಂದ ಕೆಳಗೆ ಗ್ರೀಸ್ ಬಳಿದಿದ್ದರು. ಮಡಚೋ ಸೈಕಲ್ಲಿನಲ್ಲಿ ಆ ಕೊಳವೆ ದಿನಾ ಏರಿಳಿಯಬೇಕು, ನಿಲ್ಲೋದು ಬರೀ ಬಿಗಿಹಿಡಿತದ ಮೇಲೆ. ಅದನ್ನ ಒಣ ಬಟ್ಟೆಯಲ್ಲಿ ಒರೆಸಿ ಚೊಕ್ಕಟ ಇಡಬೇಕೇ ಹೊರತು ಎಣ್ಣೆ ಸೋಕಿಸಬಾರದು. ಏರು ಹತ್ತುವಾಗ ಸೀಟು ಒಂದೇ ಸಲಕ್ಕೆ ಕುಸಿದು ಕೂತಿತು, ಮಂಡಿ ಹ್ಯಾಂಡಲಿಗೆ ಬಡಿಯಿತು, ಹಿಂದಿನಿಂದ ಗಾಡಿ ಬರ್ತಿತ್ತು. ಬಚಾವಾದೆ. ಮನೆಗೆ ಬಂದು ನೋಡಿದರೆ ಹ್ಯಾಂಡಲಿನ ಕೀಲು ಕೂಡ ಅಲ್ಲಾಡ್ತಿದೆ! ಮುಂದಿನ ಬ್ರೇಕ್ ಹಿಡಿದು ಹಿಂದೆ ಮುಂದೆ ತಳ್ಳಿದರೆ ಟಕ್, ಟಕ್ ಅನ್ನೋ ಸದ್ದು ಕೈಗೇ ತಿಳಿಯುತ್ತೆ. ಕೀಲು ಬಿಗಿಯೋ ಲಿವರ್ ಮುಚ್ಚುವಾಗ ಅರ್ಧ ದಾರಿಯಿಂದಲೇ ಬಿಗಿ ಸಿಗಬೇಕು, ಅಂಗೈ ಹಾಕಿ ಒತ್ತಿ ಮುಚ್ಚೋ ಹಾಗಿರಬೇಕು. ನನ್ನದು ಒಂದು ಬೆರಳಲ್ಲಿ ಮುಚ್ಚಿಕೊಳ್ತಿತ್ತು. ಒಳಗಿರೋ ಚಿಕ್ಕ ನಟ್ಟನ್ನ ಕಾಲು ಸುತ್ತು ತಿರುಗಿಸಿದ್ದರೆ ಮುಗೀತಿತ್ತು. ಸರ್ವೀಸ್ ಮಾಡಿದವರು ಆ ಕೀಲನ್ನ ಮುಟ್ಟೇ ಇಲ್ಲ. ಮಡಚೋ ಸೈಕಲ್ಲಿನಲ್ಲಿ ಮೊದಲು ನೋಡಬೇಕಾದ ಜಾಗವೇ ಅದು, ಓಡುವಾಗ ಅದು ಬಿಟ್ಟುಕೊಂಡರೆ ಹ್ಯಾಂಡಲ್ ಕೈಯಲ್ಲೇ ಬರುತ್ತೆ. ಕೇಳಿದ್ದಕ್ಕೆ "ತೊಳೆದು ಪಾಲಿಶ್ ಮಾಡಿದೀವಲ್ಲ" ಅಂದರು.

ಅಂದಿನಿಂದ ಎಲ್ಲಾ ನಾನೇ ಮಾಡಿಕೊಳ್ತೀನಿ. ಹೊರಡೋ ಮುಂಚೆ ಕೀಲು ಎರಡೂ ಅಲ್ಲಾಡಿಸಿ ನೋಡೋದು, ಲಿವರಿನ ಚಿಲಕ ಕೂತಿದೆಯಾ ನೋಡೋದು, ಸೀಟಿನ ಗುರುತು ನೋಡೋದು. ಒಂದು ನಿಮಿಷವೂ ಹಿಡಿಯಲ್ಲ.

ತೂಕದ ಬಗ್ಗೆ ಜಾಸ್ತಿ ಹೇಳಲ್ಲ. 'ಹಗುರ' ಅಂತ ಅಚ್ಚು ಹಾಕಿದ ಕಾಗದದಲ್ಲಿ ಇದ್ದದ್ದು ಹತ್ತೂವರೆ ಕಿಲೋ, ನನ್ನ ತಕ್ಕಡಿಯಲ್ಲಿ ಬಂದದ್ದು ಹನ್ನೆರಡು. ಪೆಡಲ್, ಮಡ್‌ಗಾರ್ಡ್, ಸ್ಟ್ಯಾಂಡ್ ಲೆಕ್ಕಕ್ಕಿಲ್ಲವಂತೆ. ಪೆಡಲ್ ಇಲ್ಲದ ಸೈಕಲ್ ಯಾರು ತುಳೀತಾರೆ? ಅದನ್ನ ಒಂದು ಕೈಯಲ್ಲಿ ಹಿಡಿದು ಮೂರು ಮಹಡಿ ಹತ್ತೋರಿಗೆ ಆ ಒಂದೂವರೆ ಕಿಲೋ ಏನು ಅಂತ ಗೊತ್ತು.

ಇಷ್ಟಾದರೂ ಯಾಕೆ ಬಿಡಲ್ಲ ಅಂತ ಮನೆಯಲ್ಲೂ ಕೇಳ್ತಾರೆ. ಬಿಡಲ್ಲ. ರೈಲಿನಿಂದ ಇಳಿದು ಇಪ್ಪತ್ತು ಸೆಕೆಂಡಿನಲ್ಲಿ ಬಿಡಿಸಿ ಹತ್ತಿ ಹೊರಡೋ ಸುಖ, ಕೆಲಸದ ಮೇಜಿನ ಕೆಳಗೆ ಕಾಲ ಬುಡದಲ್ಲಿ ಅದು ಮಡಚಿಕೊಂಡು ಇರೋದು, ಬೀಗ ಹಾಕೋ ಚಿಂತೆ ಇಲ್ಲದಿರೋದು, ನಿಂತ ಜಾಗದಿಂದ ತುಳಿದ ತಕ್ಷಣ ಚುರುಕಾಗಿ ಎದ್ದು ಹೋಗೋದು, ಇದೆಲ್ಲ ಬೇರೆ ಯಾವ ಸೈಕಲ್ಲಿನಲ್ಲೂ ನನಗೆ ಸಿಕ್ಕಿಲ್ಲ. ಒಳ್ಳೇ ಯಂತ್ರ ಇದು. ಯಂತ್ರ ಅಂತ ನೋಡಿ ಅನ್ನೋದಷ್ಟೇ ನಾನು ಕೇಳ್ತಿರೋದು.

ತಯಾರಿಸೋರೇ, ಫ್ರೇಮಿನ ಮೇಲೆ ಇಂಚಿನ ಜೊತೆಗೆ 349 ಅಂತ ಮೂರು ಅಂಕಿ ಕೆತ್ತೋಕೆ ನಿಮಗೇನು ಕಷ್ಟ? ಕೀಲಿನ ನಟ್ಟು ಹೇಗೆ ಬಿಗಿ ಮಾಡಬೇಕು ಅಂತ ಒಂದು ಚಿತ್ರ ಹಾಕಿ. ಚಕ್ರದ ಬಿಡಿ ಕಡ್ಡಿ (ಸ್ಪೋಕ್) ನಾಲ್ಕು ಜೊತೆಗಿಡಿ, ಈ ಗಿಡ್ಡ ಕಡ್ಡಿ ನಾನು ಕೇಳಿದ ಒಂದು ಅಂಗಡಿಯಲ್ಲೂ ಇರಲಿಲ್ಲ. ಮಾರೋರೇ, ಟೈರಿನ ಪಕ್ಕೆ ಓದಿ. ರಿಪೇರಿ ಮಾಡೋರೇ, ಗೊತ್ತಿಲ್ಲ ಅಂದರೆ ಗೊತ್ತಿಲ್ಲ ಅನ್ನಿ, ನಾನೇನೂ ಅಂದುಕೊಳ್ಳಲ್ಲ, ಸ್ಕ್ರೂಡ್ರೈವರ್ ಮಾತ್ರ ಹಾಕಬೇಡಿ.

ಸದ್ಯಕ್ಕೆ ಹಿಂದಿನ ಚಕ್ರ ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದೀನಿ. ಯಾರ ಹತ್ತಿರವಾದರೂ ಒಂದು ಒಳ್ಳೇ ಟೈರು ಇದ್ದರೆ ದಯವಿಟ್ಟು ತಿಳಿಸಿ. ಅಗಲ 32ರಿಂದ 37ರೊಳಗೆ ಯಾವುದಾದರೂ ಆಗುತ್ತೆ, ಆದರೆ ಎರಡನೇ ಸಂಖ್ಯೆ 349 ಇರಲೇಬೇಕು. ಪಕ್ಕೆ ತಿರುಗಿಸಿ, ಓದಿ ಹೇಳಿ. ಇಂಚು ಹೇಳಬೇಡಿ.