ಗುಲಾಬಿ ಕೈಯಲ್ಲಿ, ಮಗು ಡ್ರಾಪ್‌ಬಾಕ್ಸ್‌ನಲ್ಲಿ

ಮೇ 29 ಹತ್ತಿರವಾಗುತ್ತಿದ್ದಂತೆ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳ ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಒಂದು ಬಂದು ಬೀಳುತ್ತದೆ. ಶಾಲಾ ಪ್ರಾರಂಭೋತ್ಸವವನ್ನು ಹಬ್ಬದ ವಾತಾವರಣದಲ್ಲಿ ಆಚರಿಸತಕ್ಕದ್ದು, ಮಕ್ಕಳನ್ನೂ ಪೋಷಕರನ್ನೂ ಆತ್ಮೀಯವಾಗಿ ಬರಮಾಡಿಕೊಳ್ಳತಕ್ಕದ್ದು. ತೋರಣ, ರಂಗೋಲಿ, ಹೂವು, ಸಿಹಿಯೂಟ, ಜಾಥಾ, ಪುಸ್ತಕ ವಿತರಣೆ, ಫೋಟೊ ಹೀಗೆ ಹಬ್ಬಕ್ಕೆ ಬೇಕಾದುದೆಲ್ಲ ಅದರಲ್ಲಿರುತ್ತದೆ, ದುಡ್ಡೊಂದನ್ನು ಬಿಟ್ಟು. ಆರರಿಂದ ಎಂಟನೇ ತರಗತಿಗೆ ಹೊಸದಾಗಿ ಬಂದ ಪದವೀಧರ ಪ್ರಾಥಮಿಕ ಶಿಕ್ಷಕರಿಗೆ ಬಿ.ಎಡ್‌ನಲ್ಲಿ ಈ ವಿದ್ಯೆಯನ್ನು ಯಾರೂ ಕಲಿಸಿರುವುದಿಲ್ಲವಾದ್ದರಿಂದ, ಬಲ್ಲವರು ಪಾಲಿಸಿಕೊಂಡು ಬಂದ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಮೊದಲು ದುಡ್ಡು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಅನುದಾನ ಎಂಬುದೊಂದು ಇದೆ. ಮಕ್ಕಳ ಸಂಖ್ಯೆ 30ರವರೆಗೆ ಇದ್ದರೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000. ಸೀಮೆಸುಣ್ಣ, ಕರೆಂಟ್ ಬಿಲ್ಲು, ಕಸಬರಿಗೆ, ಒಡೆದ ನಲ್ಲಿ, ಸ್ವಾತಂತ್ರ್ಯ ದಿನದ ಲಾಡು ಎಲ್ಲವೂ ಇದರಲ್ಲೇ. ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೇ ಇಡಬೇಕು. ಇಷ್ಟಾಗಿಯೂ ಇದು ಮೇ ತಿಂಗಳಲ್ಲಿ ಖಾತೆಗೆ ಬಂದು ಕೂತಿರುತ್ತದೆ ಎಂದು ನಂಬುವವರು ಇನ್ನೂ ಪ್ರೊಬೇಷನರಿ ಅವಧಿಯಲ್ಲಿರುವವರು. ಹಾಗಾಗಿ ಹಬ್ಬದ ಖರ್ಚು ಹೆಡ್‌ಮೇಷ್ಟ್ರ ಜೇಬಿನಿಂದ. ರಸೀದಿಗಳನ್ನು ಜೋಪಾನವಾಗಿ ಫೈಲಿಗೆ ಹಾಕಿಡಬೇಕು. ದುಡ್ಡು ಹಿಂದಕ್ಕೆ ಬರುತ್ತದೆಂದಲ್ಲ, ಲೆಕ್ಕ ತಪಾಸಣೆಗೆ ಬಂದವರು ಕೇಳುತ್ತಾರೆಂದು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯಲ್ಲಿ ಈರಭದ್ರನಾದರೂ ಯಾರೆಂದು ಗೊತ್ತಿತ್ತು. ಇಲ್ಲಿ ಅವನೊಂದು ಲೆಕ್ಕಶೀರ್ಷಿಕೆ.

ಬ್ಯಾನರ್ ಕಡ್ಡಾಯ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧವಾದದ್ದು 2016ರಲ್ಲಿ. ಪರಿಸರ ದಿನ ಬರುವುದು ಜೂನ್ 5ಕ್ಕೆ. ಪ್ರಾರಂಭೋತ್ಸವದಿಂದ ಅಲ್ಲಿಯವರೆಗಿನ ಒಂದು ವಾರ ಶಾಲೆಯ ಗೇಟಿನಲ್ಲಿ ಆರಡಿ ಅಗಲದ ಫ್ಲೆಕ್ಸ್ ನೇತಾಡುತ್ತಿರುತ್ತದೆ. ಅದರಲ್ಲಿ ಮಂತ್ರಿಗಳಿಂದ ಹಿಡಿದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷರವರೆಗೆ ಎಲ್ಲರ ಮುಖವೂ ಇರಬೇಕು. ಮಕ್ಕಳ ಮುಖಕ್ಕೆ ಜಾಗ ಉಳಿಯುವುದಿಲ್ಲ. ಅವರು ಹೇಗೂ ಖುದ್ದಾಗಿ ಬರುತ್ತಾರಲ್ಲ.

ಇನ್ನು ಶುಚಿತ್ವ. ಏಪ್ರಿಲ್ 11ರಿಂದ ಮೇ 28ರವರೆಗೆ 48 ದಿನ ಬೀಗ ಹಾಕಿದ್ದ ಕಟ್ಟಡವನ್ನು ಒಂದೇ ದಿನದಲ್ಲಿ ಮದುಮಗಳಾಗಿಸಬೇಕು. ಇದರಲ್ಲಿ ಎರಡು ಕೆಲಸ ಮಾತ್ರ ನಿಜಕ್ಕೂ ಜೀವಕ್ಕೆ ಸಂಬಂಧಿಸಿದವು, ಮತ್ತು ಫೋಟೊದಲ್ಲಿ ಕಾಣಿಸದಿರುವುದೂ ಅವೆರಡೇ. ಒಂದು, ನೀರಿನ ತೊಟ್ಟಿ. ಹಳೆಯ ನೀರನ್ನು ಪೂರ್ತಿ ಖಾಲಿ ಮಾಡಿ, ತಳದ ಹೂಳನ್ನು ಕೆರೆದು, ಹೊಸ ನೀರು ತುಂಬಿ, 1,000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನಷ್ಟೇ ಸುರಿದು, ಗಂಟೆಯಾದರೂ ಬಿಡಬೇಕು. ಹೋದ ವರ್ಷದಿಂದ ಬಾಯಿ ಬಿಟ್ಟುಕೊಂಡೇ ಇದ್ದ ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ. ಅದನ್ನು ಹಾಕುವುದೂ ಒಂದೇ, ರಂಗೋಲಿ ಪುಡಿ ಹಾಕುವುದೂ ಒಂದೇ. ಎರಡು, ಬಿಸಿಯೂಟದ ದಾಸ್ತಾನು. ರಜೆಯಲ್ಲಿ ಅಕ್ಕಿಗೆ ನುಸಿ, ಬೇಳೆಗೆ ಹುಳು ಹಿಡಿದಿರುತ್ತದೆ, ಹಾಲಿನ ಪುಡಿಯ ಚೀಲದ ಮೇಲಿನ ದಿನಾಂಕ ದಾಟಿರುತ್ತದೆ. ಚೀಲಗಳನ್ನು ನೆಲಕ್ಕೆ ತಾಗದಂತೆ, ಗೋಡೆಗೆ ಒರಗದಂತೆ ಹಲಗೆಯ ಮೇಲಿಟ್ಟಿದ್ದರೆ ಈ ಪಾಡು ಕಡಿಮೆ. ಹಲಗೆ ಬೇಕೆಂದು ಬರೆದ ಪತ್ರ ಹೋದ ಜೂನ್‌ನದ್ದು.

ಬೆಳಿಗ್ಗೆ ಹತ್ತಕ್ಕೆ ಪೋಷಕರು ಬರಬೇಕು. ಮುಂಗಾರು ಬಿತ್ತನೆಯ ಹೊತ್ತು, ಹತ್ತು ಗಂಟೆಗೆ ಊರಿನಲ್ಲಿ ಉಳಿಯುವವರು ಅಜ್ಜಿಯರು ಮತ್ತು ಮೊಣಕಾಲು ನೋವಿನವರು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ, ಅರ್ಧದಷ್ಟು ಮಹಿಳೆಯರೇ ಇರಬೇಕು. ಆದರೆ ಕೂಲಿ ಬಿಟ್ಟು ಬರುವ ಆ ದಿನದ ಸಂಬಳ ಯಾರು ಕೊಡುತ್ತಾರೆಂದು ಕಾಯ್ದೆ ಹೇಳಿಲ್ಲ. ಆದ್ದರಿಂದ ಬಂದಷ್ಟೇ ಜನರನ್ನು ಮೊದಲ ಸಾಲಿನಲ್ಲಿ ಒತ್ತೊತ್ತಾಗಿ ಕೂರಿಸಿ, ಕ್ಯಾಮೆರಾವನ್ನು ಕೆಳಗಿನಿಂದ ಹಿಡಿಯಬೇಕು. ಹಿಂದಿನ ಖಾಲಿ ಅಂಗಳ ಕಾಣುವುದಿಲ್ಲ. ಫೋಟೊ ಅಕ್ಷಾಂಶ, ರೇಖಾಂಶ, ದಿನಾಂಕ, ಸಮಯ ಮುದ್ರೆಯಾಗುವ ಆ್ಯಪ್‌ನಲ್ಲಿಯೇ ಇರಬೇಕು. ಲೊಕೇಶನ್ ಆನ್ ಮಾಡದೆ ತೆಗೆದರೆ ಶಾಲೆ ಭೂಮಿಯ ಮೇಲೇ ಇಲ್ಲವೆಂದು ಲೆಕ್ಕ. ನೆಟ್‌ವರ್ಕ್ ಸಿಗದ ಮಲೆನಾಡಿನ ಶಾಲೆಗಳಲ್ಲಿ ಗುಲಾಬಿ ಹಿಡಿದ ಮಕ್ಕಳನ್ನು ಗುಡ್ಡದ ನೆತ್ತಿಗೇ ಕರೆದೊಯ್ದು ಸ್ವಾಗತಿಸುವುದು ಅನುಕೂಲ. ಗುಲಾಬಿ ಹನ್ನೆರಡೇ ಸಾಕು. ಫೋಟೊ ಆದ ಕೂಡಲೇ ಮೊದಲ ಸಾಲಿನಿಂದ ಹಿಂತೆಗೆದುಕೊಂಡು ಎರಡನೇ ಸಾಲಿಗೆ ಕೊಡಬಹುದು.

ಈಗ ಮುಖ್ಯ ಘಟ್ಟ. ಆರನೇ ತರಗತಿಗೆ ಬರುವ ಮಕ್ಕಳಲ್ಲಿ ಅನೇಕರು ಪಕ್ಕದ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ ಮುಗಿಸಿದವರು. ಮಗು ಅಪ್ಪನ ಬೈಕಿನಿಂದ ಇಳಿದು ಗೇಟಿನಲ್ಲಿ ನಿಂತಿದೆ, ಹಣೆಗೆ ಕುಂಕುಮವಿಟ್ಟಾಗಿದೆ. ಇಷ್ಟರಿಂದಲೇ ಮಗು ಬಂತೆಂದು ತಿಳಿಯಬಾರದು. ಹಳೆಯ ಶಾಲೆಯವರು ಮೊದಲು ಶಾಲೆ, ಮಕ್ಕಳ ಲೆಕ್ಕವಿಡುವ ಯು-ಡೈಸ್ ಪ್ಲಸ್ ಪೋರ್ಟಲಿನಲ್ಲಿ ಅದರ 'ಪ್ರೋಗ್ರೆಷನ್', ಅಂದರೆ ತರಗತಿ ದಾಟಿತೆಂಬ ನಮೂದು, ಮುಗಿಸಬೇಕು. ಆಗ ಅದು ಆ ಶಾಲೆಯಿಂದ ಹೊರಬಿದ್ದು, ಒಂದು ಶಾಲೆ ಬಿಟ್ಟು ಇನ್ನೊಂದಕ್ಕೆ ಸೇರದ ಮಕ್ಕಳ ಹೆಸರು ಕಾಯುವ ಪಟ್ಟಿಯಾದ ಡ್ರಾಪ್‌ಬಾಕ್ಸ್‌ಗೆ ಹೋಗುತ್ತದೆ. ಹೊಸ ಶಾಲೆಯವರು ಶಾಶ್ವತ ಶಿಕ್ಷಣ ಸಂಖ್ಯೆಯನ್ನೂ ಹುಟ್ಟಿದ ದಿನಾಂಕವನ್ನೂ ಕೊಟ್ಟು ಅದನ್ನು ಅಲ್ಲಿಂದ ಎತ್ತಿಕೊಳ್ಳಬೇಕು. ಹಳೆಯ ಶಾಲೆಯದ್ದು ಏಕೋಪಾಧ್ಯಾಯ ಶಾಲೆಯಾಗಿದ್ದು, ಆ ಒಬ್ಬ ಮೇಷ್ಟ್ರೂ ತರಬೇತಿಗೆ ಹೋಗಿದ್ದರೆ, ಮಗು ಅಲ್ಲಿಯೇ ಐದರಲ್ಲಿ ಕೂತಿರುತ್ತದೆ. ಅವರು ಬಿಟ್ಟು ಇವರು ಎತ್ತಿಕೊಳ್ಳದಿದ್ದರೆ ಡ್ರಾಪ್‌ಬಾಕ್ಸ್‌ನಲ್ಲಿಯೇ ಉಳಿದು, ಕೊನೆಗೆ ಶಾಲೆ ಬಿಟ್ಟವರ ಲೆಕ್ಕಕ್ಕೆ ಸೇರುತ್ತದೆ. ಮೊದಲ ಬೆಂಚಿನಲ್ಲಿ ಕೂತು ಮಗ್ಗಿ ಒಪ್ಪಿಸುತ್ತಿರುವ ಹುಡುಗಿಯನ್ನು ಶಾಲೆಗೆ ಮರಳಿ ಕರೆತನ್ನಿ ಎಂದು ಮೇಲಿನಿಂದ ಪಟ್ಟಿ ಬಂದರೆ ಗಾಬರಿಯಾಗಬೇಕಿಲ್ಲ, ಅವಳ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಫೋಟೊ ತೆಗೆದು ಕಳಿಸಿದರಾಯಿತು.

ಇದು ಕೇಂದ್ರದ ಪೋರ್ಟಲು. ರಾಜ್ಯದ್ದು ಬೇರೆ, ಅದರ ಹೆಸರು ಎಸ್‌ಎಟಿಎಸ್. ಅಲ್ಲಿಯೂ ಇದೇ ಮಗುವನ್ನು ಇದೇ ರೀತಿ ಇನ್ನೊಮ್ಮೆ ಬಿಡಿಸಿ ಸೇರಿಸಬೇಕು. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಪೋರ್ಟಲಿಗೆ ಆ ಕಲಮನ್ನು ಯಾರೂ ಓದಿ ಹೇಳಿಲ್ಲ. ಬಳಿಕ ಮಗುವಿನ ಓದಿನ ದಾಖಲೆಗಳಿಗೆಲ್ಲ ಒಂದೇ ಗುರುತಾಗುವ 12 ಅಂಕಿಯ ಅಪಾರ್ ಐಡಿ. ಇದಕ್ಕೆ ಪೋಷಕರ ಒಪ್ಪಿಗೆ ಪತ್ರ ಬೇಕು, ಮಗುವಿನ ಹೆಸರು, ಲಿಂಗ, ಹುಟ್ಟಿದ ದಿನಾಂಕ ಆಧಾರ್‌ನಲ್ಲಿದ್ದಂತೆಯೇ ಇರಬೇಕು. ನಮ್ಮ ಕಡೆ ಇನಿಷಿಯಲ್ ಶಾಲಾ ದಾಖಲೆಯಲ್ಲಿ ಹೆಸರಿನ ಮುಂದೆ, ಆಧಾರ್‌ನಲ್ಲಿ ಹಿಂದೆ. ತಂದೆಯ ಹೆಸರಿಗೆ ಮನೆತನದ ಹೆಸರೂ ಅಂಟಿಕೊಂಡಿರುವ ಬೆಳಗಾವಿ, ವಿಜಯಪುರದ ಕಡೆ ಇನ್ನೂ ಸೊಗಸು. ಮಕ್ಕಳನ್ನು ಸ್ವಾಗತಿಸಲೆಂದು ಕರೆಸಿದ ಪೋಷಕರನ್ನು ಹನ್ನೊಂದು ಗಂಟೆಯ ಹೊತ್ತಿಗೆ ಆಧಾರ್ ತಿದ್ದುಪಡಿಗೆಂದು ತಾಲ್ಲೂಕು ಕೇಂದ್ರಕ್ಕೆ ಬೀಳ್ಕೊಡುವ ಸಮಾರಂಭವೂ ಇದೇ ಶಾಮಿಯಾನದಡಿ ನಡೆದುಹೋಗುತ್ತದೆ.

ವಿತರಣೆ ಬೇಗ ಮುಗಿಯುತ್ತದೆ, ಯಾಕೆಂದರೆ ವಿತರಿಸಲು ಬಹಳವಿರುವುದಿಲ್ಲ. ಪುಸ್ತಕಗಳ ಬೇಡಿಕೆ ಹೋಗಿರುವುದು ಹಿಂದಿನ ವರ್ಷದ ಲೆಕ್ಕದ ಮೇಲೆ. ಪಕ್ಕದ ಹಳ್ಳಿಯಿಂದ ಬಂದ ಮಕ್ಕಳ ಪುಸ್ತಕ ಪಕ್ಕದ ಹಳ್ಳಿಯಲ್ಲೂ ಇಲ್ಲ, ಇಲ್ಲೂ ಇಲ್ಲ. ಬ್ಯಾಗಿನ ಭಾರ ಇಳಿಸಲೆಂದು ಪುಸ್ತಕವನ್ನು ಭಾಗ ಒಂದು, ಭಾಗ ಎರಡು ಎಂದು ಒಡೆದಿರುವುದು ಒಳ್ಳೆಯ ಯೋಚನೆಯೇ. ಭಾಗ ಎರಡು ಮೊದಲು ಬಂದುಬಿಟ್ಟರೆ ಫೋಟೊಗೆ ಅದನ್ನೇ ಹಿಡಿಸಬಹುದು, ಮುಖಪುಟದ ಅಂಕಿಯ ಮೇಲೆ ಹೆಬ್ಬೆರಳು ಬರುವಂತೆ. ಸಮವಸ್ತ್ರದ ಎರಡನೇ ಜೊತೆಗಾಗಿ ಕೊಪ್ಪಳ ಜಿಲ್ಲೆಯ ಬಾಲಕನೊಬ್ಬ ಹೈಕೋರ್ಟ್‌ಗೇ ಹೋಗಬೇಕಾಯಿತು ಎಂಬುದನ್ನು ನೆನೆದರೆ ಮೊದಲ ಜೊತೆ ತಡವಾದುದಕ್ಕೆ ಯಾರೂ ಗೊಣಗುವುದಿಲ್ಲ. ಶೂ ಖರೀದಿ ಎಸ್‌ಡಿಎಂಸಿಯದ್ದು. ಆರರಿಂದ ಎಂಟನೇ ತರಗತಿಗೆ ಒಂದು ಜೊತೆ ಕಪ್ಪು ಶೂ ಮತ್ತು ಎರಡು ಜೊತೆ ಸಾಕ್ಸ್, ಎಲ್ಲ ಸೇರಿ 295 ರೂಪಾಯಿ. ಕಾಲಿನ ಅಳತೆ ತೆಗೆಯುವಾಗ ಒಂದು ಸೈಜು ದೊಡ್ಡದೇ ಬರೆದುಕೊಳ್ಳಿ. ಹನ್ನೆರಡರ ಹುಡುಗನ ಕಾಲು ಟೆಂಡರಿಗಾಗಿ ಕಾಯುವುದಿಲ್ಲ.

ಇಲ್ಲಿಯವರೆಗಿನದು ಭಾಷಣ, ಕಾಗದ. ಅಡುಗೆಮನೆಯಲ್ಲಿ ನಿಜವಾದ ಅರ್ಥಶಾಸ್ತ್ರ ಬೇಯುತ್ತಿರುತ್ತದೆ. ಆರರಿಂದ ಎಂಟನೇ ತರಗತಿಯ ಮಗುವಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ. ಒಟ್ಟು 700 ಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಹಾಲಿಗೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್. ಈ ಅಳತೆಗಳ ಬಗ್ಗೆ ತಕರಾರಿಲ್ಲ, ಇವುಗಳಿಂದ ಎಷ್ಟೋ ಮಕ್ಕಳು ನಿಜವಾಗಿ ಹೊಟ್ಟೆ ತುಂಬಿಸಿಕೊಂಡಿದ್ದಾರೆ. ಮೊಟ್ಟೆಯ ಕಥೆ ಮಾತ್ರ ಬೇರೆ. ಅದಕ್ಕೆ ನಿಗದಿಯಾದ 6 ರೂಪಾಯಿಯನ್ನು ಯಾರೋ ಮಹಾನುಭಾವರು ಹೀಗೆ ಸೀಳಿದ್ದಾರೆ: ಕೊಳ್ಳಲು 5 ರೂಪಾಯಿ 20 ಪೈಸೆ, ಬೇಯಿಸಲು 50 ಪೈಸೆ, ಸುಲಿಯಲು 30 ಪೈಸೆ.

120 ಮಕ್ಕಳ ಶಾಲೆ ಎಂದುಕೊಳ್ಳಿ. ಸುಲಿಗೆಯ ಬಾಬ್ತು 36 ರೂಪಾಯಿ. ಇಂಧನಕ್ಕೆ 60. ಕೊಳ್ಳಲು 624. ಅಂಗಡಿಯಲ್ಲಿ ಮೊಟ್ಟೆ ಆರೂವರೆ ಆದ ದಿನ ಕೊಳ್ಳಲು ಬೇಕಾಗುವುದು 780. ಕೊರತೆ 156 ರೂಪಾಯಿ, ವಾರದ ಆರು ದಿನಕ್ಕೆ 936. ಬೇಯಿಸದೆ, ಸುಲಿಯದೆ ಹಸಿಯಾಗಿಯೇ ಕೊಟ್ಟರೂ ದಿನಕ್ಕೆ 60 ರೂಪಾಯಿ ಕಡಿಮೆಯೇ ಬೀಳುತ್ತದೆ. ತಾಂತ್ರಿಕ ತೊಂದರೆಯೂ ಇದೆ: ಅಂದೇ ತಂದ ತಾಜಾ ಮೊಟ್ಟೆಯ ಸಿಪ್ಪೆ ಬಿಳಿಗೆ ಅಂಟಿಕೊಂಡು ಅರ್ಧ ಮೊಟ್ಟೆಯನ್ನೇ ಕಿತ್ತುಕೊಂಡು ಬರುತ್ತದೆ. ನಾಲ್ಕೈದು ದಿನ ಇಟ್ಟದ್ದಾದರೆ, ಬೆಂದ ತಕ್ಷಣ ತಣ್ಣೀರಿಗೆ ಹಾಕಿ ಅಗಲ ತುದಿಯಿಂದ ಒಡೆದರೆ ಸಲೀಸು. ಆದರೆ ನಾಲ್ಕು ದಿನದ ದಾಸ್ತಾನು ಇಟ್ಟರೆ ಒಡಕಿನ ಲೆಕ್ಕ ಕೊಡಬೇಕು, ಒಡಕಿಗೆ ಪೈಸೆಯ ಬಾಬ್ತು ಇಲ್ಲ. ಅಡುಗೆಯವರು ಅನ್ನ ಬಸಿಯುವ ಹೊತ್ತಿನಲ್ಲಿ 120 ಮೊಟ್ಟೆ ಸುಲಿಯಲು ಕೂರುವವರು ಗಣಿತದ ಮೇಷ್ಟ್ರು. ದಶಮಾಂಶ ಪದ್ಧತಿಯನ್ನು ಇದಕ್ಕಿಂತ ಚೆನ್ನಾಗಿ ಚಟುವಟಿಕೆ ಆಧಾರಿತವಾಗಿ ಕಲಿಸಲು ಬರುವುದಿಲ್ಲ.

ಗಣಿತದ ಮೇಷ್ಟ್ರು ಇದ್ದರೆ, ಅಷ್ಟೇ. ಕಾಯ್ದೆಯ ಅನುಸೂಚಿಯ ಪ್ರಕಾರ ಈ ಹಂತದಲ್ಲಿ 35 ಮಕ್ಕಳಿಗೊಬ್ಬ ಶಿಕ್ಷಕರಿರಬೇಕು. ವಿಜ್ಞಾನ-ಗಣಿತ, ಸಮಾಜ ವಿಜ್ಞಾನ, ಭಾಷೆಗೆ ಕನಿಷ್ಠ ಒಬ್ಬೊಬ್ಬರು ಬೇಕು. ಇಲ್ಲದ ಕಡೆ ಅತಿಥಿ ಶಿಕ್ಷಕರು. ಅತಿಥಿಗಳನ್ನು ಪ್ರತಿ ವರ್ಷ ಹೊಸದಾಗಿ ಆಹ್ವಾನಿಸಬೇಕು, ಆಹ್ವಾನದ ಆದೇಶ ಹಬ್ಬ ಮುಗಿದ ಮೇಲೆ ಹೊರಡುತ್ತದೆ. ಊರಿಗೆಲ್ಲ ಸ್ವಾಗತ ಕೋರುವ ದಿನ ಶಾಲೆಯಲ್ಲಿ ಇಲ್ಲದವರು ಅತಿಥಿಗಳು ಮಾತ್ರ. ಆದ್ದರಿಂದ ಸ್ವಾಗತ ಭಾಷಣವನ್ನು ಎಚ್ಚರದಿಂದ ಭವಿಷ್ಯತ್ಕಾಲದಲ್ಲಿಯೇ ಬರೆದುಕೊಳ್ಳಬೇಕು: ವಿಜ್ಞಾನಕ್ಕೆ ಬರುತ್ತಾರೆ, ಹಿಂದಿಗೆ ಬರುತ್ತಾರೆ, ದೈಹಿಕ ಶಿಕ್ಷಣಕ್ಕೂ ಬರುತ್ತಾರೆ. ಇಂಗ್ಲಿಷ್ ಮೀಡಿಯಂ ಇದೆಯಾ ಎಂದು ಪೋಷಕರು ಕೇಳಿಯೇ ಕೇಳುತ್ತಾರೆ. 2019-20ರಲ್ಲಿ ಒಂದನೇ ತರಗತಿಯಿಂದ ಆಂಗ್ಲ ಮಾಧ್ಯಮ ಶುರುವಾದ ಶಾಲೆಯಾದರೆ ಆ ಮಕ್ಕಳು ಈಗಾಗಲೇ ಈ ಹಂತಕ್ಕೆ ಬಂದಿದ್ದಾರೆ, ಇದೆ ಎನ್ನಬಹುದು. ಅದಕ್ಕೆ ಪ್ರತ್ಯೇಕ ಮೇಷ್ಟ್ರು ಇದ್ದಾರಾ ಎಂಬ ಎರಡನೇ ಪ್ರಶ್ನೆ ಬರುವ ಮುನ್ನ ವಂದನಾರ್ಪಣೆಗೆ ಹೋಗಿಬಿಡುವುದು ಜಾಣತನ.

ಪಾಠ ಯಾವಾಗ ಶುರು ಎಂದು ಕೇಳುವ ಒಬ್ಬಿಬ್ಬರು ಕಿಡಿಗೇಡಿ ತಂದೆಯರು ಎಲ್ಲ ಊರಲ್ಲೂ ಇರುತ್ತಾರೆ. ಅವರಿಗೆ ವಿವರವಾಗಿ ಹೇಳಬೇಕು. ಮೊದಲು ಹಿಂದಿನ ತರಗತಿಯ ಕಲಿಕೆಯನ್ನು ಮರಳಿ ಗಟ್ಟಿ ಮಾಡಿಸುವ ಸೇತುಬಂಧ, ಅದಕ್ಕೊಂದು ಪೂರ್ವ ಪರೀಕ್ಷೆ, ಕೊನೆಗೊಂದು ಸಾಫಲ್ಯ ಪರೀಕ್ಷೆ. ನಡುನಡುವೆ ದಾಖಲಾತಿ ಆಂದೋಲನದ ಮನೆ ಭೇಟಿ. ಬಳಿಕ ಪಾಠ, ಪ್ರತಿ ಪಾಠಕ್ಕೂ ಪಾಠ ಆಧಾರಿತ ಮೌಲ್ಯಾಂಕನ, ಅದರ ಅಂಕ ಪೋರ್ಟಲಿಗೆ. ಕಾಯ್ದೆಯಂತೆ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ, 1,000 ಗಂಟೆ ಬೋಧನೆ ನಡೆಯಬೇಕು. ಜನಗಣತಿ, ವಿಕೋಪ ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದೆಂದು 27ನೇ ಕಲಮಿದೆ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಹಿಗ್ಗಿಸಿ ಮೇಷ್ಟ್ರನ್ನು ಮನೆ ಮನೆಗೆ ಅಟ್ಟಿದ್ದು ನಾಲ್ಕನೇ ಬಗೆಯ ಕೆಲಸ. ಅದು ಕಾಯ್ದೆಯಲ್ಲಿಲ್ಲ, ಆದ್ದರಿಂದ ಕಾಯ್ದೆ ಮುರಿದಂತಾಗಲಿಲ್ಲ ಎಂದು ಬಲ್ಲವರು ವಿವರಿಸುತ್ತಾರೆ.

ಮಧ್ಯಾಹ್ನ ಮಿಂಚಿನ ಸಂಚಾರದ, ಅಂದರೆ ಶಾಲೆಗಳ ತಪಾಸಣೆಗೆ ಹೊರಟ ಇಲಾಖೆಯ ಅಧಿಕಾರಿಗಳ ಜೀಪು ಬರಬಹುದು. ಬಂದವರು ತೋರಣ, ರಂಗೋಲಿ, ದಾಸ್ತಾನು ಪುಸ್ತಕ, ಸಂದರ್ಶಕರ ಪುಸ್ತಕ ನೋಡುತ್ತಾರೆ. ಊಟದ ರುಚಿ ನೋಡಿ ಸಹಿ ಹಾಕುತ್ತಾರೆ. ತರಗತಿಯೊಳಗೆ ಹೋಗಿ ಒಂದು ಲೆಕ್ಕ ಕೇಳುವ ಅಧಿಕಾರಿಗಳೂ ಉಂಟು, ಅಂಥವರು ಬಂದರೆ ಭಯಪಡದೆ ಕುರ್ಚಿ ಹಾಕಿ, ಅಪರೂಪಕ್ಕೆ ಬರುತ್ತಾರೆ.

ಸಂಜೆಯ ಹೊತ್ತಿಗೆ ಗೂಗಲ್ ಫಾರ್ಮ್ ತುಂಬಬೇಕು. ಹಾಜರಾದ ಪೋಷಕರೆಷ್ಟು, ಗಂಡೆಷ್ಟು, ಹೆಣ್ಣೆಷ್ಟು, ಹೂವಿನ ಬಗೆ, ಸಿಹಿಯ ಹೆಸರು, ಗಣ್ಯರ ಸಂಖ್ಯೆ, ಐದು ಫೋಟೊ, ಒಂದು ವಿಡಿಯೊ. ಎಲ್ಲಕ್ಕೂ ಕೆಂಪು ನಕ್ಷತ್ರ. ಐದು ಗಂಟೆಗೆ ಫಾರ್ಮ್ ಮುಚ್ಚುತ್ತದೆ. ವರದಿ ಸಲ್ಲಿಸದ ಶಾಲೆಗಳ ಪಟ್ಟಿ ನಾಲ್ಕೂವರೆಗೇ ಗ್ರೂಪಿಗೆ ಬಂದಿರುತ್ತದೆ.