ಬಟ್ಟಲು ಒಂದೇ, ತುಪ್ಪ ಮೂರು ಸಲ

ಅಂಗನವಾಡಿ ಟೀಚರ್ ಹೇಳಿದ್ದು ಸರಳ ಮಾತು. ಎರಡು ತುಂಬದ ಕೂಸಿನ ಹೊಟ್ಟೆ ಚಿಕ್ಕದು, ಗುಡ್ಡೆ ಹಾಕಿ ಉಣಿಸಬೇಡಿ. ತಿನ್ನೋ ನಾಲ್ಕು ತುತ್ತಿನಲ್ಲೇ ಸತ್ವ ಹೆಚ್ಚಿಸಿ. ಒಂದು ಚಮಚ ತುಪ್ಪ, ಒಂದಿಷ್ಟು ಶೇಂಗಾ ಪುಡಿ, ಗಟ್ಟಿ ಬ್ಯಾಳಿ, ಸೊಪ್ಪು. ಅಷ್ಟೇ. ಇದನ್ನ ಅವರು ನನ್ನ ಹೆಂಡತಿಗೆ ಹೇಳಿದರು. ಹೆಂಡತಿ ಮನೆಗೆ ಬಂದು ನನಗೆ ಹೇಳಿದಳು. ಅವ್ವ ಅಡುಗೆಮನೆಯಿಂದಲೇ ಕೇಳಿಸಿಕೊಂಡಳು. ಅಪ್ಪ ಪೇಪರ್ ಮುಖಕ್ಕೆ ಹಿಡಿದು, ಕೇಳಿಸದವರ ಹಾಗೆ ಕೂತು, ಎಲ್ಲಾ ಕೇಳಿಸಿಕೊಂಡರು.

ಮರುದಿನ ಮಧ್ಯಾಹ್ನ ಬ್ಯಾಳಿಯಲ್ಲಿ ಕಿವುಚಿದ ಜೋಳದ ರೊಟ್ಟಿ ತಯಾರಾಯಿತು. ಹೆಂಡತಿ ಒಂದು ಚಮಚ ತುಪ್ಪ ಹಾಕಿ ನೀರು ತರಲು ಹೋದಳು. ಅವ್ವ ಬಟ್ಟಲು ನೋಡಿ, "ಈಗಿನ ಹುಡುಗೇರ ಕೈ ಭಾಳ ಬಿಗಿ" ಅಂತ ಗೊಣಗಿ ಇನ್ನೊಂದು ಚಮಚ ಹಾಕಿದಳು. ಅವ್ವನ ಚಮಚ ಅಂದರೆ ಸೌಟಿನ ತಮ್ಮ. ಅವಳು ಆಚೆ ಹೋದದ್ದೇ ತಡ, ಅಪ್ಪ ಎದ್ದು ಬಂದು ತಮ್ಮ ಪಾಲೂ ಸುರಿದರು. ನಾನು ಊಟಕ್ಕೆ ಬಂದಾಗ ರೊಟ್ಟಿ ತುಪ್ಪದ ಕೆಳಗಿತ್ತು. ಮಗಳು ಅದರಲ್ಲಿ ಐದೂ ಬೆರಳು ಅದ್ದಿದಳು. ಒಂದು ಕ್ಷಣ ಯೋಚಿಸಿದಳು. ಆಮೇಲೆ ಕೈಯನ್ನ ನೆತ್ತಿಗೆ ತಿಕ್ಕಿಕೊಂಡಳು. ದಿನಾ ಬೆಳಗ್ಗೆ ಅವ್ವ ಎಣ್ಣೆ ಹಚ್ಚೋದು ಹಾಗೇ ಅಲ್ವಾ? ಸಂಜೆ ತಲೆಗೆ ಸ್ನಾನ. ಬಟ್ಟಲಿನಲ್ಲಿ ಉಳಿದದ್ದು ನನ್ನ ಹೊಟ್ಟೆಗೆ.

ಹಾಗಂತ ಊಟದಲ್ಲಿ ಕೊರತೆ ಏನಿರಲಿಲ್ಲ. ಜೋಳದಲ್ಲಿ ಲೈಸಿನ್ ಅನ್ನೋ ಅಂಶ ಕಡಿಮೆ, ತೊಗರಿಯಲ್ಲಿ ಅದು ಧಾರಾಳ. ಎರಡೂ ಸೇರಿದರೆ ಪ್ರೋಟೀನ್ ಗಟ್ಟಿ. ನಮ್ಮ ಕಲಬುರಗಿ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ನನ್ನ ಮಗಳ ಮಾನ್ಯತೆ ಮಾತ್ರ ಇನ್ನೂ ಸಿಕ್ಕಿಲ್ಲ.

ಸೊಪ್ಪಿನದು ಬೇರೆ ಪುರಾಣ. ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣ, ಕ್ಯಾಲ್ಸಿಯಂ, ಎ ಜೀವಸತ್ವಕ್ಕೆ ಬೇಕಾದ್ದು ಎಲ್ಲಾ ಇದೆ. ಬ್ಯಾಳಿಗೆ ಹಾಕಿದೆವು. ಸರಿಯಾಗಿ ಸ್ಪೂನ್ ಹಿಡಿಯಲು ಬಾರದ ಕೂಸು ಹೆಬ್ಬೆರಳು, ತೋರುಬೆರಳು ಜೋಡಿಸಿ ಒಂದೊಂದೇ ಎಲೆ ಹೆಕ್ಕಿ ನನ್ನ ಅಂಗಿಗೆ ಅಂಟಿಸಿತು. ಅಕ್ಕಸಾಲಿಗರಿಗೂ ಆ ನಾಜೂಕು ಇರಲಿಕ್ಕಿಲ್ಲ. ಸೊಪ್ಪನ್ನ ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಹಿಟ್ಟಿಗೆ ಕಲಸಿದೆವು. ರೊಟ್ಟಿ ಹಸಿರಾಯಿತು. "ಛೀ" ಅಂದಳು. ಅದು ಅವಳ ಮೊದಲ ಸ್ಪಷ್ಟ ಮಾತುಗಳಲ್ಲಿ ಒಂದು, ಸುಮ್ನೆ ಹೇಳಬಾರದು, ಉಚ್ಚಾರ ಬಹಳ ಚೆನ್ನಾಗಿತ್ತು.

ಇನ್ನು ಶೇಂಗಾ. ಇಡೀ ಕಾಳು ಸಣ್ಣ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತೆ, ಕೊಡಲೇಬಾರದು. ಅಪ್ಪನ ಜೇಬಿನಲ್ಲಿ ಸದಾ ಹುರಿದ ಶೇಂಗಾ ಇರುತ್ತೆ. ಹೆಂಡತಿ ಅವರ ಕೈಯಿಂದ ಕಾಳು ಇಸಿದುಕೊಂಡಾಗ, "ನಿನ್ನ ಗಂಡ ತಿಂದೇ ಬೆಳದಾನ" ಅಂದರು. ಅವಳು ನನ್ನನ್ನ ಮೇಲಿಂದ ಕೆಳಗೆ ಒಂದು ಸಲ ನೋಡಿದಳು. ಏನೂ ಅನ್ನಲಿಲ್ಲ. ಕೊನೆಗೆ ಖಾರ, ಉಪ್ಪು ಇಲ್ಲದೆ ನುಣ್ಣಗೆ ಕುಟ್ಟಿ, ಕೂಸಿಗೆ ಅಂತ ಒಂದು ಡಬ್ಬಿ ತುಂಬಿಟ್ಟಳು. ರಾತ್ರಿ ಅಪ್ಪ ಅದನ್ನೇ ಚಟ್ನಿಪುಡಿ ಅಂದುಕೊಂಡು ಡಬ್ಬಿ ಎಳೆದುಕೊಂಡು, ಎಣ್ಣೆ ಸುರುವಿ ರೊಟ್ಟಿಗೆ ಹಚ್ಚಿಕೊಂಡು, "ಏನವಾ, ಇವತ್ತಿನ ಹಿಂಡಿ ಬರೇ ಸಪ್ಪ!" ಅನ್ನುತ್ತಲೇ ಅರ್ಧ ಡಬ್ಬಿ ಮುಗಿಸಿದರು. ಸಪ್ಪೆ ಅಂತ ಬಿಟ್ಟರಾ? ಇಲ್ಲ.

ಚಹಾ ವಿಷಯಕ್ಕೆ ನಾನು ಕೈ ಹಾಕಿಲ್ಲ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತಲ್ಲ, ನಿಂಬೆಹುಳಿ ಹಿಂಡಿದರೆ ಚೆನ್ನಾಗಿ ಹತ್ತುತ್ತೆ ಅಂತ ಅವ್ವನಿಗೆ ಹೇಳಿ ನೋಡಿದೆ. "ಹಂಗಾದ್ರ ಚಾದಾಗ ನಿಂಬೆ ಹಿಂಡ್ಲೇನು?" ಅಂದಳು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಬಂತು. ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋದೆವು. ಚರಗ ಚೆಲ್ಲಿ, ಅಂದರೆ ನೈವೇದ್ಯವನ್ನ ಹೊಲಕ್ಕೆ ಎರಚಿ, ತೊಗರಿ ಸಾಲಿನ ಪಕ್ಕ ಊಟಕ್ಕೆ ಕೂತೆವು. ಸಜ್ಜಿ ರೊಟ್ಟಿ, ಅಂಬಲಿ, ಬಜ್ಜಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಈ ಬಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ತೊಗರಿ, ಕಡಲೆ, ಅವರೆ, ಮೆಂತ್ಯ, ಗಜ್ಜರಿ, ಇನ್ನೂ ಏನೇನೋ ಸೊಪ್ಪು ಸೇರಿಸಿ ಕಡಲೆ ಹಿಟ್ಟು ಹಚ್ಚಿ ಬೇಯಿಸಿದ್ದು. ಹಸಿರು ಅಂದರೆ ಅಪ್ಪಟ ಹಸಿರು. ಮಗಳ ಕಡೆ ಯಾರೂ ನೋಡಲಿಲ್ಲ, ಎಲ್ಲರಿಗೂ ಅವರವರ ಹಸಿವು. ತಿರುಗಿ ನೋಡಿದರೆ ಅವಳು ಅಪ್ಪನ ತಾಟಿಗೆ ಎರಡೂ ಕೈ ಹಾಕಿ ಬಜ್ಜಿ ಬಾಚುತ್ತಿದ್ದಳು. ಕಿವಿಯವರೆಗೂ ಹಸಿರು. ಹೆಂಡತಿ ಉಸಿರು ಬಿಗಿ ಹಿಡಿದು ಬೆರಳು ಮಡಿಚತೊಡಗಿದಳು. ಎರಡು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಎಂಟು ಬಗೆಯ ಆಹಾರದಲ್ಲಿ ಐದಾದರೂ ಸೇರಬೇಕು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. "ಸಜ್ಜಿ ಒಂದು, ಕಾಳು ಎರಡು, ಸೊಪ್ಪು ಮೂರು, ಮೊಸರು ನಾಲ್ಕು..." ಎದೆಹಾಲು ಸೇರಿಸಿ ಐದು ಮಾಡಿ ಮುಷ್ಟಿ ಕಟ್ಟಿದಳು.

ಎರಡು ದಿನ ಬಿಟ್ಟು ಅದೇ ಬಜ್ಜಿ ಮನೆಯಲ್ಲಿ ಮಾಡಿದಳು. "ಛೀ."

"ಅದಕ್ಕ ಹೊಲ ಬೇಕು" ಅಂದರು ಅಪ್ಪ. ಎದ್ದು ಹೋಗಿ ಮಾಳಿಗೆ ಮೇಲೆ ಗೋಣಿತಟ್ಟು ಹಾಸಿದರು. ಮೂಲೆಯ ಕರಿಬೇವಿನ ಕುಂಡವನ್ನ ಪಕ್ಕಕ್ಕೆ ಎಳೆದು ತಂದು ಇಟ್ಟರು. ನಾವೆಲ್ಲ ಬಿಸಿಲಲ್ಲಿ ಸುತ್ತ ಕೂತು, ಬೇರೆ ಕಡೆ ನೋಡುತ್ತಾ ಉಂಡೆವು. ಮಗಳು ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ಮೂರನೆಯದಕ್ಕೆ ಕೈ ಹಾಕಿದವಳು ಅಲ್ಲೇ ನಿಲ್ಲಿಸಿ, ಸುತ್ತ ಕಣ್ಣಾಡಿಸಿ ಅಜ್ಜನನ್ನ ಕೇಳಿದಳು:

"ಮುತ್ಯಾ, ಎತ್ತು ಎಲ್ಲಿ?"